ದೊರೆಗಳ ಕೈಗಡಿಯಾರದ ಏಲಂ

ಪರರ ಸೊತ್ತಿಗೆ ಆಸೆಪಡಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಪರರ ಹೆಣ್ಣು, ಪರರ ಹೊನ್ನು, ಪರರ ಮಣ್ಣು ಎಂದು ಪಟ್ಟಿಯನ್ನೂ ಕೊಟ್ಟಿದ್ದಾರೆ. ಆ ಪಟ್ಟಿಯಲ್ಲಿ ಪರರ ಮಣಿಕಟ್ಟು ಇಲ್ಲ. ಅವರ ಕಾಲದಲ್ಲಿ ಕೈಗೆ ಗಡಿಯಾರ ಕಟ್ಟುವ ರೂಢಿ ಇರಲಿಲ್ಲವಾದ್ದರಿಂದ ಇದು ಅವರ ತಪ್ಪಲ್ಲ. ಈ ಸಣ್ಣ ಸಂದಿಯಲ್ಲಿ ನುಸುಳಿಕೊಂಡು ನಾನು ಒಂಬತ್ತು ವರ್ಷ ಕಾಲ, ಭಾನುವಾರಗಳನ್ನು ಬಿಟ್ಟು, ದಿನವೂ ಇನ್ನೊಬ್ಬರ ಎಡಗೈಯನ್ನೇ ನೋಡುತ್ತ ಬದುಕಿದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆ ಎಡಗೈ ನಮ್ಮ ಹಂಚಿನ ಕಾರ್ಖಾನೆಯ ಬಿಳಿಯ ಮೇನೇಜರ್ ದೊರೆಗಳದ್ದು. ನಾನು ಅವರ ರೈಟರ್, ಅಂದರೆ ಗುಮಾಸ್ತ. ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಅವರು ಮೇಜಿನ ಆಚೆ ಬದಿಯಲ್ಲಿ ಕೂತು, ಅಂಗಿಯ ತೋಳನ್ನು ಎರಡು ಬೆರಳು ಹಿಂದಕ್ಕೆ ಸರಿಸಿ, ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. ಇಪ್ಪತ್ತೆರಡು ಸುತ್ತು. ನಾನು ಎದುರಿಗೆ ನಿಂತು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ತೆಳ್ಳಗಿನ ಚಿನ್ನದ ಗಡಿಯಾರ. ಕೆನೆಹಾಲಿನ ಬಣ್ಣದ ಮುಖ, ನೀಲಿ ಮುಳ್ಳುಗಳು, ಕೆಳಗೆ ಕ್ಷಣಗಳಿಗೆಂದೇ ಇನ್ನೊಂದು ಪುಟಾಣಿ ಮುಖ. ಅದರ ಅಡಿಯಲ್ಲಿ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರಗಳಲ್ಲಿ, ‘ಸ್ವಿಸ್’ ಎಂದು ಬರೆದಿತ್ತು. ನಾನು ಯಾವಾಗಲೂ ಮೇಜಿನ ಈಚೆ ಬದಿಯವನಾದ್ದರಿಂದ ಅದನ್ನು ತಲೆಕೆಳಗಾಗಿಯೇ ನೋಡಿದ್ದು. ಒಂಬತ್ತು ವರ್ಷದಲ್ಲಿ ಅದೆಷ್ಟು ಅಭ್ಯಾಸವಾಯಿತೆಂದರೆ, ನೆಟ್ಟಗಿರುವ ಗಡಿಯಾರಗಳನ್ನು ಕಂಡರೆ ಯಾರೋ ತಿರುಗಿಸಿಟ್ಟಿದ್ದಾರೆ ಎನ್ನಿಸುತ್ತಿತ್ತು.

ಒಮ್ಮೆ ದೊರೆಗಳು ಒಳ್ಳೆಯ ಮನಸ್ಸಿನಲ್ಲಿದ್ದಾಗ ಹೇಳಿದರು: ಸ್ವಿಟ್ಜರ್ಲೆಂಡಿನಲ್ಲಿ ಆರು ತಿಂಗಳು ಹಿಮ ಬೀಳುತ್ತದಂತೆ, ಆಗ ರೈತರು ಹೊರಗೆ ಕಾಲಿಡಲಾರದೆ ಮನೆಯೊಳಗೆ ಕೂತು ಗಡಿಯಾರದ ಚಕ್ರಗಳನ್ನು ಕೊರೆಯುತ್ತಾರಂತೆ. ನಾನು ಯೋಚಿಸಿದೆ. ನಮ್ಮ ಮಂಗಳೂರಿನಲ್ಲೂ ನಾಲ್ಕು ತಿಂಗಳು ಮಳೆ ಹೊಡೆಯುತ್ತದೆ, ನಾವೂ ಮನೆಯೊಳಗೇ ಕೂರುತ್ತೇವೆ. ಆದರೆ ನಾವು ಹಲಸಿನ ಹಪ್ಪಳ ಸುಟ್ಟು ತಿನ್ನುತ್ತೇವೆ. ದೇಶದೇಶಗಳ ನಡುವಿನ ವ್ಯತ್ಯಾಸ ಇಷ್ಟೇ ಎಂದು ಆಗ ನನಗೆ ತೋರಿತು.

ಗಡಿಯಾರದಿಂದ ನನಗೇನು ಆಗಬೇಕಿತ್ತು ಎಂದು ನೀವು ಕೇಳಬಹುದು. ಏನೂ ಇಲ್ಲ. ಕಾರ್ಖಾನೆಯ ಸೀಟಿ ನನ್ನನ್ನು ಎಬ್ಬಿಸುತ್ತಿತ್ತು, ಇಗರ್ಜಿಯ ಗಂಟೆ ಊಟ ನೆನಪಿಸುತ್ತಿತ್ತು, ಮನೆಗೆ ತಡವಾದರೆ ಹೆಂಡತಿ ಕಮಲ ಎಷ್ಟು ತಡವೆಂದು ನಿಮಿಷ ಸಮೇತ ಹೇಳುತ್ತಿದ್ದಳು. ಆದರೂ ಬೇಕಿತ್ತು. ಊಟ ಮಾಡುವಾಗ ನನ್ನ ಬರಿಯ ಮಣಿಕಟ್ಟು ಕಣ್ಣಿಗೆ ಬಿದ್ದರೆ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದೆ. ಆಸೆಗೆ ಕಾರಣ ಹೇಳಲು ಬರುವುದಾದರೆ ಅದು ಆಸೆಯಲ್ಲ, ಬರೀ ಅಗತ್ಯ. ಇದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳದೆಯೂ ಕಮಲಳಿಗೆ ಗೊತ್ತಿತ್ತು ಎಂಬುದು ನನಗೆ ಗೊತ್ತಿರಲಿಲ್ಲ.

ದೊರೆಗಳು ನಿವೃತ್ತರಾಗಿ ಸೀಮೆಯ ತಮ್ಮ ಊರಿಗೆ ಹೊರಡುವುದೆಂದಾಯಿತು. ಅವರಿಗೊಂದು ನೆನಪಿನ ಕಾಣಿಕೆ ಕೊಡಬೇಕೆಂದು ಆಫೀಸಿನವರೆಲ್ಲ ಸೇರಿ ಚಂದಾ ಎತ್ತಿದೆವು. ನಾನೂ ಎರಡು ರೂಪಾಯಿ ಹಾಕಿದೆ. ಮದರಾಸಿನಿಂದ ಹೊಸ ಕೈಗಡಿಯಾರ ಬಂತು. ದೊರೆಗಳು ಅದನ್ನು ಕಟ್ಟಿಕೊಂಡು, ಹಳೆಯದನ್ನು ಬಿಚ್ಚಿ, “ಇದೂ ಏಲಂಗೆ ಹೋಗಲಿ” ಎಂದರು. ಊರಿಗೆ ಮರಳುವ ದೊರೆಗಳು ಸೋಫಾ, ಕಪಾಟು, ಪಿಂಗಾಣಿ, ನಾಯಿಯ ಸರಪಳಿಯವರೆಗೆ ಎಲ್ಲವನ್ನೂ ಬಂಗಲೆಯ ಅಂಗಳದಲ್ಲೇ ಏಲಂ ಹಾಕಿಸುವುದು ನಮ್ಮಲ್ಲಿನ ವಾಡಿಕೆ. ಅದು ನನಗೆ ಬೇಕೆಂದು ಅವರನ್ನು ನೇರವಾಗಿ ಕೇಳಬಹುದಿತ್ತು. ಅದಕ್ಕಾಗಿ ಒಂದು ಇಂಗ್ಲಿಷ್ ವಾಕ್ಯವನ್ನೂ ಸಿದ್ಧಪಡಿಸಿದ್ದೆ. ವ್ಯಾಕರಣದಲ್ಲಿ ಆರಿಸಿ ತೆಗೆಯಲು ಒಂದು ಕಲ್ಲೂ ಇರಲಿಲ್ಲ. ಆದರೆ ಅವರೆದುರು ನಿಂತಾಗ ಬಾಯಿಂದ ಬಂದದ್ದು “ಪ್ರಯಾಣ ಸುಖವಾಗಲಿ, ಸರ್” ಎಂಬುದೊಂದೇ. ಅವರು ಹೊರಡಲು ಇನ್ನೂ ಎಂಟು ದಿನವಿತ್ತು.

ಏಲಂನಲ್ಲಿ ಕೂಗುವಂತೆಯೂ ಇರಲಿಲ್ಲ. ಯಾಕೆಂದರೆ ಕಂಪನಿಯ ಗುಮಾಸ್ತ ತನ್ನ ದೊರೆಯ ಸಾಮಾನಿಗೆ ಬಹಿರಂಗವಾಗಿ ಬೆಲೆ ಕೂಗುವುದು ಮರ್ಯಾದೆಯಲ್ಲ. ಮೇಲಾಗಿ, ಮೇಜು ಹಾಕಿಕೊಂಡು ಯಾವ ಮಾಲು ಯಾರಿಗೆ ಎಷ್ಟಕ್ಕೆ ಹೋಯಿತೆಂದು ಬರೆದುಕೊಳ್ಳುವ ಕೆಲಸ ನನ್ನದೇ. ಹಾಗಾಗಿ ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುತ್ತಿದ್ದ ನನ್ನ ಗೆಳೆಯ ಮೊಯ್ದಿನ್ ಬ್ಯಾರಿಯ ಹತ್ತಿರ ಹೋದೆ. ನನ್ನ ಕೈಯಲ್ಲಿ ಐವತ್ತು ರೂಪಾಯಿ ಇತ್ತು. ಮೊಯ್ದಿನ್ ನಕ್ಕ.

“ಎಂತ ರೈಟರೇ, ಇಷ್ಟಕ್ಕೆ ಹೆದರುವುದಾ? ನಾನು ಉಂಟಲ್ಲ. ನಾನು ಕೂಗ್ತೇನೆ. ನೀವು ಲೇಖನಿಯನ್ನು ಕಿವಿಗೆ ಸಿಕ್ಕಿಸಿದರೆ ನಾನು ಏರಿಸುವುದು. ಮೇಜಿನ ಮೇಲೆ ಇಟ್ಟರೆ ಬಿಡುವುದು. ಒಣಮೀನಿನ ಏಲಂನಲ್ಲಿ ನಮ್ಮದೆಲ್ಲ ಹೀಗೆಯೇ, ಒಂದು ನರಪಿಳ್ಳೆಗೂ ಗೊತ್ತಾಗುವುದಿಲ್ಲ.”

ಏಲಂನ ದಿನ ಬಾವುಟೆ ಗುಡ್ಡೆಯ ಬಂಗಲೆಯ ಅಂಗಳ ತುಂಬಿತ್ತು. ಊಟದ ಮೇಜು ಹೋಯಿತು, ಕನ್ನಡಿ ಹೋಯಿತು. ಮಣ್ಣಗುಡ್ಡದ ಅಕ್ಕಿ ಗಿರಣಿಯ ಧನಿ ದೂಮಪ್ಪ ಶೆಟ್ಟರು ಒಂದು ಬೆತ್ತದ ಆರಾಮಕುರ್ಚಿಯನ್ನು ಕೊಂಡು, ಕೊಂಡ ಮರುಕ್ಷಣವೇ ಅದರಲ್ಲಿ ಒರಗಿ ಕಣ್ಣು ಮುಚ್ಚಿದರು. ಆಮೇಲೆ ಕೈಗಡಿಯಾರ ಬಂತು. ಏಲಂ ಕೂಗುವವನು ಅದನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದ.

ಮೊಯ್ದಿನ್ ಇಪ್ಪತ್ತು ಎಂದ. ಅದರ ಮೇಲೆ ಯಾರೂ ಕೂಗಲಿಲ್ಲ. ಒಂದು ಸಲ, ಎರಡು ಸಲ ಎಂದಾಯಿತು. ನನ್ನ ಮಣಿಕಟ್ಟು ಆಗಲೇ ತಣ್ಣಗಾದಂತೆ ತೋರಿತು. ಅಷ್ಟರಲ್ಲಿ ಹಿಂದಿನಿಂದ “ಇಪ್ಪತ್ತೈದು!” ಎಂಬ ಸಿಡಿಲು ಕೇಳಿಸಿತು. ಗುರುತಿನ ಗಂಟಲು. ಕಂಬಳದ ಗದ್ದೆಯಲ್ಲಿ ಕೋಣಗಳ ಹಿಂದೆ ಓಡಿ ಪಳಗಿದ ಗಂಟಲು. ತಲೆಯೆತ್ತಿ ನೋಡಿದರೆ ನನ್ನ ಭಾವಮೈದುನ ಸಂಕಪ್ಪ, ಕಮಲಳ ತಮ್ಮ! ಮೈದಾನದ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದ ಈ ಮನುಷ್ಯನಿಗೆ ಚಿನ್ನದ ಗಡಿಯಾರವೇಕೆ? ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಮನೆಯಲ್ಲಿ ವಾರಕ್ಕೆರಡು ಸಲ ಮೀನು ಗಸಿ ಉಂಡು ಹೋಗುವವನು ನನ್ನ ಒಂಬತ್ತು ವರ್ಷದ ಕನಸಿಗೇ ಕೈ ಹಾಕಿದ್ದ. ಲೇಖನಿಯನ್ನು ಕಿವಿಗೆ ಸಿಕ್ಕಿಸಿದೆ.

ಮೊಯ್ದಿನ್ ಮೂವತ್ತು ಎಂದ. ಸಂಕಪ್ಪ ಮೂವತ್ತೈದು ಎಂದ. ನಾನು ಲೇಖನಿ ತೆಗೆದು ಮತ್ತೆ ಸಿಕ್ಕಿಸಿದೆ. ಐವತ್ತು ದಾಟಿತು. ಅಲ್ಲಿ ಲೇಖನಿಯನ್ನು ಮೇಜಿನ ಮೇಲೆ ಇಡಬೇಕಿತ್ತು, ಇಡಲಿಲ್ಲ. ಅರುವತ್ತು ದಾಟಿತು. ಮಿಕ್ಕ ಹಣ ಎಲ್ಲಿಂದ ತರುತ್ತೇನೆಂದು ನನ್ನನ್ನು ಕೇಳಬೇಡಿ, ಆ ಹೊತ್ತಿಗೆ ನಾನೂ ಕೇಳಿಕೊಂಡಿರಲಿಲ್ಲ. ಕಿವಿಯ ಹಿಂದಿನಿಂದ ಮಸಿ ಕೆನ್ನೆಗೆ ಇಳಿಯುತ್ತಿತ್ತು. ತೊಂಬತ್ತೈದಕ್ಕೆ ಬಂದಾಗ ಬೆತ್ತದ ಕುರ್ಚಿಯಲ್ಲಿದ್ದ ದೂಮಪ್ಪ ಶೆಟ್ಟರು ಕಣ್ಣು ಬಿಟ್ಟರು. ಒಮ್ಮೆ ಮೊಯ್ದಿನನನ್ನು ನೋಡಿದರು, ಒಮ್ಮೆ ಸಂಕಪ್ಪನನ್ನು ನೋಡಿದರು.

“ಏನು ಮಾರಾಯ, ಬಂದರಿನ ವ್ಯಾಪಾರಿ ಬಿಡುವುದಿಲ್ಲ, ಸೈಕಲಿನವ ಬಿಡುವುದಿಲ್ಲ. ಹಾಗಾದರೆ ಅದರಲ್ಲಿ ಎಂತದೋ ಉಂಟು” ಎಂದರು. “ನೂರಹತ್ತು!”

ಮೊಯ್ದಿನ್ ನನ್ನನ್ನು ನೋಡಿದ. ನನ್ನ ಕೈ ಕಿವಿಯ ತನಕ ಹೋಯಿತು, ಆದರೆ ಲೇಖನಿ ಜಾರಿ ಮೇಜಿನ ಮೇಲೆ ಬಿತ್ತು. ಮೂರನೆಯ ಸಲವೂ ಆಯಿತು. ‘ಕೈಗಡಿಯಾರ, ಚಿನ್ನ, ಸ್ವಿಸ್, ಒಂದು, ಕೊಂಡವರು ದೂಮಪ್ಪ ಶೆಟ್ಟರು, ರೂಪಾಯಿ ನೂರಹತ್ತು’ ಎಂದು ನನ್ನದೇ ಕೈಯಿಂದ, ನನ್ನದೇ ಮುದ್ದಾದ ಅಕ್ಷರಗಳಲ್ಲಿ ಬರೆದೆ.

ಸಂಜೆ ಮನೆಗೆ ಹೋದಾಗ ಸಂಕಪ್ಪ ಜಗಲಿಯಲ್ಲಿ ತಲೆಗೆ ಕೈಕೊಟ್ಟು ಕೂತಿದ್ದ. ಕಮಲ ಬಾಗಿಲಿಗೆ ಒರಗಿ ನಿಂತಿದ್ದಳು, ಅವಳ ಕಣ್ಣು ಕೆಂಪಾಗಿತ್ತು. ನಾನು ಬೈಯಲೆಂದು ಬಾಯಿ ತೆರೆಯುವ ಮೊದಲೇ ಅವನು ಶುರುಮಾಡಿದ.

“ಭಾವ, ಅಕ್ಕ ಹಪ್ಪಳ ಮಾರಿ ಕೂಡಿಸಿದ ನಲವತ್ತು ರೂಪಾಯಿ ಕೊಟ್ಟಿದ್ದಳು. ನಿಮಗೆ ಹೇಳಬಾರದು, ದೀಪಾವಳಿಗೆ ಕೈಗೆ ಕಟ್ಟಿಸುವ ಎಂದಿದ್ದಳು. ಮೇಲಿನದನ್ನು ನಾನು ಹಾಕ್ತೇನೆ ಎಂದು ಹೋದದ್ದು. ಆ ಬ್ಯಾರಿ ಬಿಡಲಿಲ್ಲ ಮಾರಾಯ್ರೆ! ಅವನಿಗೆ ಏನು ಹುಚ್ಚೋ! ಮತ್ತೊಂದು ಆಶ್ಚರ್ಯ ಕೇಳಿ. ನೀವು ಲೇಖನಿ ಕಿವಿಗೆ ಇಟ್ಟಾಗಲೆಲ್ಲ ಅವ ಐದೈದು ರೂಪಾಯಿ ಏರಿಸ್ತಿದ್ದ.”

ನಾನು ಜಗಲಿಯ ಮೇಲೆ ಕೂತುಬಿಟ್ಟೆ. ಕಮಲ ನನ್ನ ಕೆನ್ನೆಯ ಮಸಿಯನ್ನು ನೋಡಿದಳು. ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಅವಳು ಮೊದಲು ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರಸಿಕೊಂಡಳು. “ಕೇಳಿದ್ದರೆ ನಾನೇ ಹೇಳ್ತಿದ್ದೆ. ಇಬ್ಬರೂ ಸೇರಿ ಇಪ್ಪತ್ತಕ್ಕೇ ತರಬಹುದಿತ್ತಲ್ಲ” ಎಂದಳು. ಹೌದು, ತರಬಹುದಿತ್ತು. ಪ್ರಪಂಚದಲ್ಲಿ ಆ ಗಡಿಯಾರವನ್ನು ಬಯಸಿದ ಕೈ ಒಂದೇ. ಅದಕ್ಕಾಗಿ ಎರಡು ಕಡೆಯಿಂದ ಕೂಗಿಸಿ ಬೆಲೆಯನ್ನು ಆಕಾಶಕ್ಕೇರಿಸಿದವರು ಗಂಡ ಹೆಂಡಿರಾದ ನಾವೇ. ಹಪ್ಪಳ ಒತ್ತಿ ಒತ್ತಿ ಅವಳ ಅಂಗೈ ಒರಟಾದದ್ದನ್ನು ನಾನು ಆ ದಿನ ಮೊದಲ ಸಲ ಸರಿಯಾಗಿ ನೋಡಿದೆ. ಇನ್ನೊಬ್ಬರ ಎಡಗೈಯನ್ನು ನೋಡುವ ಭರದಲ್ಲಿ ಅಲ್ಲಿಯವರೆಗೆ ಪುರುಸೊತ್ತಾಗಿರಲಿಲ್ಲ.

ನಾಲ್ಕು ದಿನ ಕಳೆದು ದೂಮಪ್ಪ ಶೆಟ್ಟರಿಂದ ಕರೆ ಬಂತು. ಗಡಿಯಾರ ನಿಂತಿತ್ತು. ಅವರ ಬೆರಳುಗಳು ಅಕ್ಕಿ ಮುಡಿ ಎತ್ತಲು ತಕ್ಕವು, ಕೀಲಿ ಕೊಡಲು ಅಲ್ಲ. ಮುರಿದೀತೆಂದು ಅವರಿಗೆ ಹೆದರಿಕೆ. “ರೈಟರೇ, ನೀವು ದೊರೆಗಳ ಹತ್ತಿರ ಇದ್ದವರು. ಇದರ ಸಂಗತಿ ನಿಮಗೆ ಗೊತ್ತಿರಬೇಕು” ಎಂದು ಅದನ್ನು ನನ್ನ ಅಂಗೈಯಲ್ಲಿ ಇಟ್ಟರು. ಒಂಬತ್ತು ವರ್ಷದ ಮೇಲೆ ಮೊದಲ ಬಾರಿಗೆ ಅದರ ಭಾರ ತಿಳಿಯಿತು. ನೆಟ್ಟಗೆ ಕಂಡ ಅದರ ಮುಖ ಅಪರಿಚಿತವೆನಿಸಿ, ಮೆಲ್ಲನೆ ತಿರುಗಿಸಿ ಹಿಡಿದುಕೊಂಡೆ. ಇಪ್ಪತ್ತೆರಡು ಸುತ್ತು ಕೊಟ್ಟೆ. ಅದು ನಡೆಯತೊಡಗಿತು. ಆವತ್ತಿನಿಂದ ದಿನವೂ ಕಾರ್ಖಾನೆ ಬಿಟ್ಟ ಮೇಲೆ ಮಣ್ಣಗುಡ್ಡಕ್ಕೆ ಸುತ್ತು ಹಾಕಿ ಕೀಲಿ ಕೊಟ್ಟು ಮನೆಗೆ ಹೋಗುವುದು ನನ್ನ ಪಾಡಾಯಿತು. ಬೇಗ ಮುಗಿದುಹೋಗುತ್ತದೆಂದು ಒಂದೊಂದು ಸುತ್ತನ್ನೂ ಎಳೆದೆಳೆದು ಕೊಡುತ್ತಿದ್ದೆ.

ಮೊದಮೊದಲು ಗಿರಣಿಯಲ್ಲಿ ಆ ಗಡಿಯಾರ ನೋಡಲು ಜನ ಸೇರುತ್ತಿದ್ದರು. ಶೆಟ್ಟರು ಏಲಂನ ಕಥೆ ಹೇಳುವರು. ಹೇಳುತ್ತ ಹೇಳುತ್ತ ಮೊಯ್ದಿನ್ ಬ್ಯಾರಿ ಬೊಂಬಾಯಿಯ ಮುತ್ತಿನ ವ್ಯಾಪಾರಿಯಾದ, ಸಂಕಪ್ಪ ಘಟ್ಟದ ಮೇಲಿನ ಕಾಫಿ ತೋಟದ ಸಾಹುಕಾರನಾದ. ನೂರಹತ್ತು ಇನ್ನೂರಾಯಿತು, ಮುನ್ನೂರಾಯಿತು. “ಹೌದಾ ಅಲ್ಲವಾ, ಲೆಕ್ಕ ಬರೆದ ರೈಟರನ್ನೇ ಕೇಳಿ” ಎನ್ನುವರು. ನಾನು ಕೀಲಿ ಕೊಡುತ್ತ “ಹೌದು ಹೌದು, ಇಂಥದ್ದು ಇನ್ನು ಸಿಗುವುದಿಲ್ಲ” ಎನ್ನುತ್ತಿದ್ದೆ. ಸುಳ್ಳು ಎನ್ನಿಸುತ್ತಿರಲಿಲ್ಲ. ಬೆಲೆ ಏರಿದಷ್ಟೂ ನನ್ನ ಆಸೆಗೆ ಒಂದು ಗೌರವ ಬಂದಂತಾಗಿ ಮನೆಗೆ ಹೋಗುವ ದಾರಿಯಲ್ಲಿ ಎದೆ ಉಬ್ಬುತ್ತಿತ್ತು.

ಎರಡು ಮಳೆಗಾಲ ಕಳೆಯಿತು. ಒಂದು ದಿನ ಕೀಲಿ ಕೊಟ್ಟು ಗಡಿಯಾರವನ್ನು ಮರಳಿ ಕೊಡಲು ಹೋದಾಗ ಶೆಟ್ಟರು ಕೈ ಚಾಚಲಿಲ್ಲ.

“ರೈಟರೇ, ಒಂದು ಮಾತು. ನನಗೆ ಇದು ಕಟ್ಟಿದರೆ ಬೆವರಿ ತುರಿಕೆ ಆಗ್ತದೆ. ನಿಮಗೆ ಇದರ ಮೇಲೆ ಪ್ರೀತಿ ಉಂಟು, ನಾನು ನೋಡಿದ್ದೇನೆ. ನಲವತ್ತು ಕೊಟ್ಟು ನೀವೇ ಇಟ್ಟುಕೊಳ್ಳಿ.”

ಓದುಗರೇ, ಇನ್ನು ನನಗೇನು ಬೇಕಿತ್ತು? ಗಡಿಯಾರ ಅಂಗೈಯಲ್ಲೇ ಇತ್ತು. ಹಣ ಮನೆಯಲ್ಲಿತ್ತು. ಕಮಲ ಹಪ್ಪಳದ ನಲವತ್ತನ್ನು ಮುಟ್ಟಿರಲಿಲ್ಲ. ನಾನು ಹೂಂ ಎನ್ನಬೇಕಿತ್ತು. ಆದರೆ ನನ್ನ ಬಾಯಿ ಕೇಳಿದ್ದು ಬೇರೆ: “ಧನಿಗಳೇ, ಬೇರೆ ಯಾರಾದರೂ ಕೇಳಿದ್ದಾರಾ?”

“ಯಾರು ಕೇಳ್ತಾರೆ? ಮೊದಲೆಲ್ಲ ನೋಡಲಿಕ್ಕೆ ಬರ್ತಿದ್ದರು. ಈಗ ಬರುವುದು ನೀವೊಬ್ಬರೇ.”

ನನ್ನ ಕೈ ಸಣ್ಣಗೆ ಸಡಿಲವಾಯಿತು. ಮುನ್ನೂರರ ಗಡಿಯಾರವನ್ನು ನಲವತ್ತಕ್ಕೆ ಕೊಡುತ್ತಾರೆಂದರೆ ಅದರಲ್ಲಿ ಏನೋ ಊನವಿರಬೇಕು. ಒಳಗಿನ ಚಕ್ರ ಸವೆದಿದ್ದೀತೇ? ಚಿನ್ನ ನಿಜವಾದದ್ದೇ? ಯಾರೂ ಕೇಳದ ವಸ್ತುವನ್ನು ನಾನೊಬ್ಬನೇ ಕೇಳಿ ಮಂಕನೆನಿಸಿಕೊಳ್ಳುವುದೇ? “ಯೋಚಿಸಿ ಹೇಳುತ್ತೇನೆ” ಎಂದು ಗಡಿಯಾರವನ್ನು ಅವರ ಮೇಜಿನ ಮೇಲಿಟ್ಟು ಹೊರಗೆ ಬಂದೆ.

ಗಿರಣಿಯ ಬೇಲಿ ದಾಟುವಷ್ಟರಲ್ಲೇ ಅದು ಮತ್ತೆ ಬೇಕೆನ್ನಿಸಿತು. ಒಂಬತ್ತು ವರ್ಷವೂ ಬೇಕೆನ್ನಿಸಿರದಷ್ಟು ಬೇಕೆನ್ನಿಸಿತು. ಇದನ್ನು ಬರೆಯುವ ಈ ಹೊತ್ತಿಗೂ ಅದು ಶೆಟ್ಟರ ಮೇಜಿನ ಮೇಲೇ ಇದೆ, ಬೆಲೆ ನಲವತ್ತೇ ಇದೆ, ನಾನು ದಿನವೂ ಹೋಗಿ ಕೀಲಿ ಕೊಟ್ಟು ಬರುತ್ತಲೇ ಇದ್ದೇನೆ. ಹಣವನ್ನು ಕಮಲ ನನ್ನ ಅಂಗಿಯ ಜೇಬಿನಲ್ಲೇ ಇಟ್ಟು ತಿಂಗಳಾಯಿತು. ಮೊಯ್ದಿನ್ ಬ್ಯಾರಿ ಒಮ್ಮೆ ಆ ಕಡೆ ಬಂದು, ನನ್ನೆದುರಿಗೆ, ಶೆಟ್ಟರಿಗೆ ಕೇಳಿಸುವ ಹಾಗೆ ಐವತ್ತು ಎಂದುಬಿಟ್ಟರೆ ಸಾಕು. ನಾನು ಅಲ್ಲೇ ನಿಂತು ಅರುವತ್ತು ಕೊಟ್ಟು ಕೊಂಡುಬಿಡುತ್ತೇನೆ.