ಮಲ್ಲತ್ತಹಳ್ಳಿಗೆ ಬಂದ ಕಡಲಪಾಚಿ

ಸಮುದ್ರವೇ ಇಲ್ಲದ ಊರಿನಲ್ಲಿ ಕಡಲಪಾಚಿ ಕೊಳೆಹಾಕಿ ಗ್ಯಾಸ್ ಮಾಡಲು ಕೂತವರು ನಗುವ ಸಂದರ್ಭಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಗೇಟು ತಳ್ಳಿಕೊಂಡು ಒಳಗೆ ಬರುತ್ತವೆ. ಆದರೆ ನಾವು ಇದನ್ನು ನಗುವುದಕ್ಕೆಂದು ಶುರುಮಾಡಿದ್ದಲ್ಲ.

ನಾನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡಿದ್ದು ನಿವೃತ್ತನಾದವನು. ಬಸವೇಶ್ವರನಗರದಲ್ಲಿ ನಮ್ಮ ಪಕ್ಕದ ಬೀದಿಯ ಇಂಜಿನಿಯರ್ ಮೇಡಂ ಒಬ್ಬರು, "ಅಂಕಲ್, ಟ್ಯಾಂಕು, ಪೈಪು, ವಾಲ್ವು ಎಲ್ಲ ನಿಮ್ಮ ಕೆಲಸ, ಬನ್ನಿ" ಎಂದು ಕರೆದರು. ಮನೆಯಲ್ಲಿ ಟಿವಿ ಮುಂದೆ ಕೂತು ಬೈಸಿಕೊಳ್ಳುವುದಕ್ಕಿಂತ ಇದೇ ವಾಸಿ ಎಂದು ಹೋದೆ.

ಮೇಡಂಗೆ ಕುಂದಾಪುರದ ಆಚೆಯ ಒಂದು ಮೀನುಗಾರರ ಊರಿನಿಂದ, ಹಿಂದೆ ಅಲ್ಲಿ ಕೆಲಸಕ್ಕೆ ಹೋಗಿದ್ದಾಗ ಪರಿಚಯವಾದ ಒಬ್ಬ ಹೆಂಗಸು ಫೋನ್ ಮಾಡುತ್ತಿದ್ದರು. ಮಳೆಗಾಲದಲ್ಲಿ ಅಲೆ ತಂದು ಒಗೆದ ಪಾಚಿ ಅವರ ದಡದಲ್ಲಿ ರಾಶಿ ಬಿದ್ದು ಕೊಳೆಯುತ್ತದೆ. ದೋಣಿ ಎಳೆಯುವಾಗ ಅದರ ಮೇಲೆ ಕಾಲು ಜಾರಿದ ಅವರ ಗಂಡ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಊರಿನವರು ಬೇಸತ್ತು ಜೆಸಿಬಿ ತರಿಸಲು ಹೊರಟಿದ್ದರು. ಜೆಸಿಬಿ ಪಾಚಿಯ ಜೊತೆಗೆ ಮರಳನ್ನೂ ಬಾಚುತ್ತದೆ. ಮರಳು ಹೋದರೆ ಸಮುದ್ರ ಒಳಗೆ ಬರುತ್ತದೆ, ಬಂದರೆ ಮೊದಲು ಸಿಗುವುದು ಈ ಹೆಂಗಸಿನ ಮನೆ. ಪಾಚಿಯಿಂದ ಒಲೆ ಉರಿಯುವುದನ್ನು ಕಣ್ಣಾರೆ ತೋರಿಸಿದರೆ ಮಾತ್ರ ಜೆಸಿಬಿ ಬೇಡ, ಕೈಯಲ್ಲೇ ಬಳಿದು ಕೊಡುತ್ತೇವೆ ಎಂದಿದ್ದರು ಊರಿನ ಹಿರಿಯರು. ಅಲ್ಲೇ ಮಾಡಬಹುದಿತ್ತಲ್ಲ ಎನ್ನಬೇಡಿ. ಅಲ್ಲಿ ಮಾಡಿ ಉರಿಯದೇ ಹೋಗಿದ್ದರೆ ಆಕೆಯ ಮಾತನ್ನು ಮತ್ತೆ ಯಾರೂ ಕೇಳುತ್ತಿರಲಿಲ್ಲ. ಅದಕ್ಕೇ ಮಲ್ಲತ್ತಹಳ್ಳಿಯಲ್ಲಿ ಒಂದು ಹಳೆಯ ದನದ ಕೊಟ್ಟಿಗೆ ಬಾಡಿಗೆಗೆ ಹಿಡಿದು, ಒಂದು ಲಾರಿ ಪಾಚಿಯನ್ನು ಇಲ್ಲಿಗೇ ತರಿಸಿದೆವು.

ಸೊಪ್ಪೋ, ಮೀನೋ

ಲಾರಿ ಪಟ್ಟಣದೊಳಗೆ ಬರುವಷ್ಟರಲ್ಲೇ ಹಿಂದಿನ ಬೈಕುಗಳೆಲ್ಲ ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿದವು. ಕೊಟ್ಟಿಗೆಯ ಮುಂದೆ ಮೂಟೆ ಇಳಿಸುತ್ತಿದ್ದಾಗ ಎದುರು ಮನೆಯ ಯಜಮಾನರು ಬಂದರು. ವಾಕಿಂಗ್ ಶೂ, ಹಣೆಯಲ್ಲಿ ವಿಭೂತಿ.

"ಏನ್ ಸಾರ್ ಇದು, ವೆಜ್ಜಾ ನಾನ್‌ವೆಜ್ಜಾ?"

"ಸೊಪ್ಪು ಸಾರ್. ಸಮುದ್ರದ ಸೊಪ್ಪು."

ಅವರು ಬಗ್ಗಿ ಮೂಟೆಯನ್ನು ಮೂಸಿ ನೋಡಿದರು. "ಆದ್ರೂ ಇದ್ರ ಮೇಲೆ ಮೀನು ಓಡಾಡಿರತ್ತಲ್ವಾ?"

ನನಗೂ ರೇಗಿತು. "ಮೆಂತ್ಯ ಸೊಪ್ಪಿನ ಹೊಲದಲ್ಲಿ ಕೋಳಿ ಓಡಾಡಲ್ವಾ ಸಾರ್?" ಎಂದುಬಿಟ್ಟೆ.

ಮಾತಿಗೆ ಮಾತು ಕೊಟ್ಟು ಗೆದ್ದೆ ಎಂದುಕೊಂಡಿದ್ದೆ. ವಾರದ ಮೇಲೆ ಅವರ ಹೆಂಡತಿ ನನ್ನನ್ನು ದಾರಿಯಲ್ಲಿ ನಿಲ್ಲಿಸಿ ತರಾಟೆಗೆ ತೆಗೆದುಕೊಂಡರು: "ಏನ್ರೀ ಹೇಳಿದ್ರಿ ನಮ್ಮೆಜಮಾನ್ರಿಗೆ? ಮನೆಗೆ ಮೆಂತ್ಯ ಸೊಪ್ಪೇ ತರಬಾರ್ದು ಅಂತ ಕೂತಿದಾರೆ!"

ಬಸ್ಸಾರು

ಪಾಚಿಯಲ್ಲಿ ಉಪ್ಪಿದ್ದರೆ ಗ್ಯಾಸ್ ಹುಟ್ಟುವುದಿಲ್ಲ. ಟ್ಯಾಂಕಿನೊಳಗೆ ಕೊಳೆಸುವ ಜೀವಾಣುಗಳು ಉಪ್ಪಿಗೆ ಸತ್ತೇ ಹೋಗುತ್ತವೆ. ಅದಕ್ಕಾಗಿ ಟ್ಯಾಂಕರ್ ನೀರು ತರಿಸಿ ತೊಳೆದೆವು, ಮತ್ತೆ ತೊಳೆದೆವು. ಉಪ್ಪೆಲ್ಲ ಹೋಯಿತೆಂದು ತೃಪ್ತಿಯಿಂದ ಪಾಚಿಯನ್ನು ಕೊಟ್ಟಿಗೆಯ ಮುಂದೆ ಟಾರ್ಪಾಲಿನ ಮೇಲೆ ಹರವಿ, ಟೀ ಕುಡಿಯಲು ಹೋದೆವು.

ಬರುವಷ್ಟರಲ್ಲಿ ಮಾರೇನಹಳ್ಳಿಯಿಂದ ಮಗಳ ಮನೆಗೆ ಬಂದಿದ್ದ ಒಬ್ಬರು ಆಂಟಿ ಅಲ್ಲಿ ಕುಕ್ಕರಗಾಲಲ್ಲಿ ಕೂತು ಎಳೆಯದನ್ನು ಆರಿಸಿ ಸೆರಗಿಗೆ ತುಂಬಿಕೊಳ್ಳುತ್ತಿದ್ದರು. "ಬೆರಕೆ ಸೊಪ್ಪು ಈಗೆಲ್ಲ ಎಲ್ಲಿ ಸಿಗತ್ತಪ್ಪಾ? ನೋಡಿ ಎಷ್ಟು ದಿನ ಆಗಿತ್ತು" ಎಂದರು. ಇದು ಬೆರಕೆ ಸೊಪ್ಪಲ್ಲ ಎಂದು ನಾನು ಬಾಯಿ ತೆಗೆಯುವ ಮೊದಲೇ ಹೊರಟೇಹೋದರು.

ಆ ದಿನವೆಲ್ಲ ನನಗೆ ಊಟ ಸೇರಲಿಲ್ಲ. ಆಕೆಗೆ ಏನಾದರೂ ಆಗಿದ್ದರೆ? ಮರುದಿನ ಬೆಳಿಗ್ಗೆ ಅವರು ಗಟ್ಟಿಮುಟ್ಟಾಗಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಾಗ ದೇವರಿಗೆ ಕೈಮುಗಿದೆ.

"ಏನ್ ಸೊಪ್ಪಪ್ಪಾ ಅದು? ಬಸ್ಸಾರಿಗೆ ಒಂದು ಹರಳು ಉಪ್ಪು ಹಾಕ್ಲಿಲ್ಲ ನಾನು, ಆದ್ರೂ ಬಾಯಿಗಿಡಕ್ಕಾಗ್ಲಿಲ್ಲ!"

ಮೇಡಂ ನನ್ನ ಮುಖ ನೋಡಿದರು, ನಾನು ಮೇಡಂ ಮುಖ ನೋಡಿದೆ. ಇನ್ನೊಂದು ಟ್ಯಾಂಕರ್‌ಗೆ ಫೋನ್ ಮಾಡಿದೆವು.

ಶ್ರಾವಣ ಶನಿವಾರ

ಉಪ್ಪು ಹೋಯಿತು, ಸಗಣಿ ಬಗ್ಗಡ ಕಲಸಿ ಪಾಚಿಯನ್ನು ಟ್ಯಾಂಕಿಗೆ ತುಂಬಿದೆವು, ಗ್ಯಾಸೂ ಬರತೊಡಗಿತು. ಆದರೆ ಕಡಲಪಾಚಿಯ ಗ್ಯಾಸಿಗೆ ಕೊಳೆತ ಮೊಟ್ಟೆಯ ವಾಸನೆ. ಅದು ಬಂದದ್ದೂ ಎಂಥ ದಿನ! ಶ್ರಾವಣ ಶನಿವಾರ. ಕೊಟ್ಟಿಗೆಯ ಓನರಮ್ಮ ಹಳೇ ಊರಿನ ಗೌಡರ ಮನೆತನದವರು. ಭಾನುವಾರ ಕೋಳಿ ಇಲ್ಲದೆ ಮುದ್ದೆ ಇಳಿಯದು, ಶ್ರಾವಣ ಶನಿವಾರ ಮಾತ್ರ ಅವರ ಮನೆಯಲ್ಲಿ ಈರುಳ್ಳಿಯೂ ಹೆಚ್ಚುವುದಿಲ್ಲ. ಬೀದಿಯವರಿಗೆ ಇದೆಲ್ಲ ಗೊತ್ತು. ವಾಸನೆ ಆ ಕಾಂಪೌಂಡಿನಿಂದ ಬಂದದ್ದೂ ಗೊತ್ತಾಯಿತು.

ಮಧ್ಯಾಹ್ನ ಓನರಮ್ಮ ಕೆಂಡವಾಗಿ ಬಂದರು. "ದೇವಸ್ಥಾನದ್ ಮುಂದೆ ಕೇಳ್ತಾರೆ ಕಣಯ್ಯಾ, ಏನಮ್ಮಾ ಇವತ್ತೂ ಬಿಡ್ಲಿಲ್ವಾ ಮೊಟ್ಟೆ ಅಂತ! ನನ್ ವಯಸ್ಸಿಗೆ ಇದ್ ಬೇಕಿತ್ತಾ? ಖಾಲಿ ಮಾಡಿ ಮೊದ್ಲು!"

ಖಾಲಿ ಮಾಡಿದರೆ ಎಲ್ಲ ಮುಗಿದಂತೆ. ಟ್ಯಾಂಕನ್ನು ಅಲುಗಿಸಿದರೆ ಮತ್ತೆ ಮೊದಲಿನಿಂದ ಶುರುಮಾಡಬೇಕು, ಅಷ್ಟರಲ್ಲಿ ಅಲ್ಲಿ ದಡಕ್ಕೆ ಜೆಸಿಬಿ ಬಂದಿರುತ್ತದೆ. ಮೇಡಂ ಕಣ್ಣಲ್ಲಿ ನೀರು. ನಾನು ಅಮ್ಮಾ ತಾಯಿ ಎಂದು ಗೋಗರೆದು ಮುಂದಿನ ಶನಿವಾರದವರೆಗೆ ಗಡುವು ತೆಗೆದುಕೊಂಡೆ. ರಾಜಾಜಿನಗರದ ಹಳೆಯ ಸ್ನೇಹಿತರ ವರ್ಕ್‌ಶಾಪ್‌ಗಳಿಂದ ಲೇತ್ ಮೆಷಿನ್ನಿನಡಿ ಬೀಳುವ ಕಬ್ಬಿಣದ ಸುರುಳಿಗಳನ್ನು ಚೀಲಗಟ್ಟಲೆ ತಂದು, ನೀರು ಹಾಕಿ ತುಕ್ಕು ಹಿಡಿಸಿ, ಡ್ರಮ್ಮಿಗೆ ತುಂಬಿ, ಗ್ಯಾಸನ್ನು ಅದರ ಮೂಲಕ ಹಾಯಿಸಿದೆವು. ತುಕ್ಕು ವಾಸನೆಯನ್ನು ಹೀರಿಕೊಂಡಿತು.

ಮುಂದಿನ ಶನಿವಾರ ಓನರಮ್ಮ ಮೂಗು ಮುಂದೆ ಮಾಡಿಕೊಂಡು ಕೊಟ್ಟಿಗೆಯ ಮೂಲೆಮೂಲೆ ಸುತ್ತಿ ಬಂದು, "ಸರಿ, ಇರಿ" ಎಂದರು.

"ಆಮೇಲೆ ಯಾವತ್ತಾದ್ರೂ ಸ್ವಲ್ಪ ವಾಸನೆ ಬಂದ್ರೆ, ಅಮ್ಮಾ?"

"ಭಾನುವಾರ ಬರೋ ಹಂಗೆ ನೋಡ್ಕೊಳ್ಳಿ. ಅವತ್ತು ಯಾರು ಕೇಳ್ತಾರೆ?"

ಹೊಸ ಒಲೆ

ಗೌರಿ ಹಬ್ಬ ಕಳೆದ ಮೇಲೆ ಆ ಹೆಂಗಸು ಬಂದರು. ಜೊತೆಗೆ ಊರಿನ ಒಬ್ಬ ಹಿರಿಯರು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದವರು ಕಾಫಿಯನ್ನೂ ಮುಟ್ಟದೆ, "ಎಲ್ಲಿ, ತೋರ್ಸಿ" ಎಂದರು. ಹಿರಿಯರು ಗೋಡೆಗೆ ಒರಗಿ ಕೈಕಟ್ಟಿ ನಿಂತರು. ಅವರು ಒಪ್ಪಲು ಬಂದವರ ಹಾಗೆ ಕಾಣಲಿಲ್ಲ.

ವಾಲ್ವ್ ತಿರುಗಿಸಿ ಕಡ್ಡಿ ಗೀರಿದೆ. ನೀಲಿ ಜ್ವಾಲೆ ಹತ್ತಿಕೊಂಡು ನಿಂತಿತು. ಹೆಂಗಸು ಅದನ್ನೇ ನೋಡುತ್ತಾ ಕೂತರು. ಮೇಡಂ ಇನ್ನೇನು ವಿವರಿಸಲು ಹೊರಟಿದ್ದರು, ಅಷ್ಟರಲ್ಲಿ ಓನರಮ್ಮ ಒಂದು ಪಾತ್ರೆ ತುಂಬ ಹಾಲು, ಅರಿಶಿನ ಕುಂಕುಮ ಹಿಡಿದು ಬಂದರು.

"ಹೊಸ ಒಲೆ. ಹಾಲುಕ್ಕಿಸ್ದೆ ಬೇರೇನೂ ಇಡಬಾರ್ದು" ಎಂದು ಒಲೆಗೆ ಕುಂಕುಮ ಇಟ್ಟು ಪಾತ್ರೆ ಏರಿಸಿಯೇಬಿಟ್ಟರು. ಬೇಡ ಎನ್ನುವ ಹಾಗಿಲ್ಲ. ಶುಭಕಾರ್ಯ ತಾನೇ.

ಹಾಲು ನಿಧಾನಕ್ಕೆ ಕಾಯಿತು. ಕೆನೆ ಕಟ್ಟಿತು, ಅಂಚಿಗೆ ಏರಿತು. ಉಕ್ಕಿಸುವ ಹಾಲಿಗೆ ಉರಿ ತಗ್ಗಿಸುವಂತಿಲ್ಲ. ಜೀವಮಾನವೆಲ್ಲ ಬಾಯ್ಲರ್‌ಗಳ ಉರಿ ತಗ್ಗಿಸುತ್ತಾ ಬದುಕಿದ ನಾನೂ ಕೈಮುಗಿದು ನಿಂತಿದ್ದೆ. "ಉಕ್ಕಲಿ, ಉಕ್ಕಲಿ" ಎಂದರು ಓನರಮ್ಮ. ಉಕ್ಕಿತು. ಉಕ್ಕಿ ನಾಲ್ಕೂ ಕಡೆ ಸುರಿದು, ಚುಂಯ್ ಎಂದು ಜ್ವಾಲೆಯನ್ನು ನಂದಿಸಿಬಿಟ್ಟಿತು.

ನಾನು ಓಡಿಹೋಗಿ ವಾಲ್ವ್ ಮುಚ್ಚಿದೆ. ಓನರಮ್ಮನ ಮುಖ ಬಿಳಿಚಿಹೋಗಿತ್ತು. "ಪೂಜೆ ಬೆಂಕಿ ಆರ್ಹೋಯ್ತಲ್ಲಪ್ಪಾ, ಎಂಥಾ ಕೆಲ್ಸ ಮಾಡ್ಬಿಟ್ಟೆ" ಎಂದು ಅಲ್ಲೇ ಕುಸಿದು ಕೂತರು. ಹಿರಿಯರು ತಲೆ ಅಲ್ಲಾಡಿಸಿದರು. "ಕಾಂಬುಕೆ ಚಂದ ಇತ್ತು. ನಿಲ್ಲೂದಿಲ್ಲ ಇದು" ಎಂದರು. ನನಗೆ ಆಗ ಕಂಡದ್ದು ಒಲೆಯಲ್ಲ, ನಾನು ಒಮ್ಮೆಯೂ ನೋಡಿರದ ಆ ದಡದ ಮನೆ.

ಹೆಂಗಸು ಎದ್ದರು. ಪಾತ್ರೆ ಕೆಳಗಿಳಿಸಿ, ಒದ್ದೆ ಬಟ್ಟೆಯಿಂದ ಬರ್ನರ್ ಒರೆಸಿದರು, ಓನರಮ್ಮನ ಕುಂಕುಮ ಅಳಿಸದ ಹಾಗೆ. "ವಾಲ್ವ್ ಬಿಡಿ ಅಣ್ಣಾ" ಎಂದು ತಾವೇ ಕಡ್ಡಿ ಗೀರಿದರು. ಜ್ವಾಲೆ ಮತ್ತೆ ನಿಂತಿತು. ಆಮೇಲೆ ಹಿರಿಯರ ಕಡೆ ತಿರುಗಿದರು.

"ನಂದಿದ್ದು ಹಾಲಿನಿಂದ ಮಾರಾಯ್ರೆ, ಪಾಚಿಯಿಂದ ಅಲ್ಲ. ನಾವು ದಿನಾ ಮಾಡೂದು ಮೀನು ಸಾರು. ಅದು ಉಕ್ಕೂದಿಲ್ಲ."

ಮೊದಲು ನಕ್ಕದ್ದು ಹಿರಿಯರೇ. ನಗು ತಡೆಯಲಾಗದೆ ಗೋಡೆ ಬಿಟ್ಟು ಮುಂದೆ ಬಂದು ಜ್ವಾಲೆಯ ಹತ್ತಿರ ಅಂಗೈ ಹಿಡಿದು ನೋಡಿದರು. "ಜೆಸಿಬಿಯವನಿಗೆ ಬರೂದು ಬೇಡ ಅಂತ ನಾನೇ ಹೇಳ್ತೆ" ಎಂದರು. ನನಗೆ ನಿಜಕ್ಕೂ ಅಳು ಬಂತು, ಬಂದದ್ದನ್ನು ಮುಚ್ಚಿಡಲೂ ಇಲ್ಲ.

ಹೆಂಗಸು ಮನೆಯಲ್ಲಿ ಮಲಗಿದ್ದ ಗಂಡನಿಗೆ ಫೋನ್ ಹಚ್ಚಿದರು. ಉರೀತು, ಮನೆ ಉಳೀತು ಎಂದರು. ಗಂಡ ಆ ಕಡೆಯಿಂದ ಏನೋ ಕೇಳಿದರು. ಈಕೆ ಕಣ್ಣೊರೆಸಿಕೊಂಡು ನಮ್ಮೆಲ್ಲರನ್ನೂ ಒಮ್ಮೆ ನೋಡಿ, ಗಂಭೀರವಾಗಿ ಉತ್ತರ ಕೊಟ್ಟರು:

"ಎಂತ ಬೇಯಿಸಿದ್ದಾ? ಎಂತದೂ ಇಲ್ಲ. ಒಂದು ಪಾತ್ರೆ ಹಾಲು ಚೆಲ್ಲಿದ್ರು, ಎಲ್ಲರೂ ಕೈಮುಗಿದ್ರು."