ಉಗುಳಲಾರದ ಚಿಕ್ಕಮ್ಮನ ಡಿಗ್ರಿ

ಇಡೀ ಆಸ್ಟ್ರೇಲಿಯಾದಲ್ಲಿ ನನ್ನ ಮನೆಯ ಫ್ರಿಜ್ಜಿಗೆ ಜ್ವರ ಬಂದಿದೆಯೇ ಎಂದು ನೋಡಿದವರು ಒಬ್ಬರೇ, ನಮ್ಮ ಚಿಕ್ಕಮ್ಮ! ದೂರದಿಂದ ಬಂದವರು ನೆಂಟರ ಮನೆಯಲ್ಲಿ ಮೊದಲು ಏನು ಮಾಡುತ್ತಾರೆ? ಕೈಕಾಲು ತೊಳೆದು ಕಾಫಿಗೆ ಕಾಯುತ್ತಾರೆ. ಚಿಕ್ಕಮ್ಮ ಚಪ್ಪಲಿ ಬಿಟ್ಟವರೇ ನೇರ ಅಡುಗೆಮನೆಗೆ ನಡೆದು, ಬ್ಯಾಗಿನಿಂದ ಕಡ್ಡಿಯಂಥ ಥರ್ಮಾಮೀಟರ್ ತೆಗೆದು, ಫ್ರಿಜ್ಜಿನಲ್ಲಿದ್ದ ಮೊಸರಿಗೆ ಚುಚ್ಚಿದರು.

"ಎಂಟು ಡಿಗ್ರಿ ಉಂಟು ಮಾರಾಯ್ತಿ, ಐದು ದಾಟ್ಬಾರ್ದು! ನೀವಿಬ್ರು ಇನ್ನೂ ಬದುಕಿದ್ದೀರಲ್ಲ, ಅದೇ ದೊಡ್ಡದು!"

ಅಂದಿನಿಂದ ನಮ್ಮವರು ಮೊಸರು ಬಡಿಸಿಕೊಳ್ಳುವ ಮೊದಲು ಚಿಕ್ಕಮ್ಮನ ಮುಖ ನೋಡತೊಡಗಿದರು. ಅವರು ತಲೆಯಾಡಿಸಿದರೆ ಊಟ, ಇಲ್ಲದಿದ್ದರೆ ಉಪ್ಪಿನಕಾಯಿ.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಉಡುಪಿಯಲ್ಲಿ, ತುಳು ಮಾತನಾಡುವ, ಮಡಿ ಮೈಲಿಗೆಯ ಮನೆಯಲ್ಲಿ ಹುಟ್ಟಿ ಬೆಳೆದವರು. ಪಿಯುಸಿಯಲ್ಲಿ ಸೈನ್ಸ್ ಓದಿ ಒಳ್ಳೆಯ ಮಾರ್ಕು ತೆಗೆದಿದ್ದರು. ಡಿಗ್ರಿಗೆ ಸೇರುವ ಹೊತ್ತಿಗೆ ಚಿಕ್ಕಪ್ಪನ ಜಾತಕ ಕೂಡಿಬಂತು, ರಸಾಯನಶಾಸ್ತ್ರ ಕೂಡಿಬರಲಿಲ್ಲ. ಮದುವೆಯಾಗಿ ಮೆಲ್ಬರ್ನಿಗೆ ಬಂದು, ವೆರಿಬೀಯಲ್ಲಿ ಮನೆ ಮಾಡಿ, ಮಗಳನ್ನು ಬೆಳೆಸಿದರು. ಮಾರ್ಟ್‌ಗೇಜ್ ಸಾಲ ಇನ್ನೂ ಮುಗಿದಿರಲಿಲ್ಲ, ಮಗಳು ಮಾತ್ರ ಕಾಲೇಜಿನ ವಯಸ್ಸಿಗೆ ಬಂದುಬಿಟ್ಟಳು!

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹೊಸಬರಿಗೆ ಕೋರ್ಸುಗಳನ್ನು ಪರಿಚಯಿಸುವ ಯುನಿವರ್ಸಿಟಿಯ ಓಪನ್ ಡೇಗೆ ಚಿಕ್ಕಮ್ಮ ಮಗಳನ್ನು ಕರೆದುಕೊಂಡು ಹೋದರು. ಮಗಳು ಕಾಮರ್ಸ್‌ನವರ ಮೇಜಿನ ಮುಂದೆ ನಿಂತಳು. ಅವಳ ಮಾತು ಮುಗಿಯಲೆಂದು ಕಾಯುತ್ತಿದ್ದ ಅಮ್ಮ ಸುಮ್ಮನೆ ಪಕ್ಕದ ಮೇಜಿನ ಮುಂದೆ ನಿಂತರು. ಅದು ಅಪ್ಲೈಡ್ ಸೈನ್ಸ್‌ನವರದು. ಆಹಾರ ವಿಜ್ಞಾನದ ಪದವಿಯಂತೆ. ಓದಿನ ಒಂದು ಪಾಲು ಕ್ಲಾಸಿನಲ್ಲಿ, ಇನ್ನೊಂದು ಪಾಲು ಫ್ಯಾಕ್ಟರಿಯಲ್ಲಿ. ಯಾವುದಾದರೂ ಕಂಪನಿಯಲ್ಲಿ ತಿಂಗಳುಗಟ್ಟಲೆ ದುಡಿದು, ಅಲ್ಲಿನವರು ಸೈ ಎಂದರೆ ಮಾತ್ರ ಡಿಗ್ರಿ. ಇದಕ್ಕೆ ಪ್ಲೇಸ್‌ಮೆಂಟ್ ಎನ್ನುತ್ತಾರೆ. ನಮ್ಮ ಬೆಂಗಳೂರಿನಲ್ಲಿ ಪ್ಲೇಸ್‌ಮೆಂಟ್ ಎಂದರೆ ಓದು ಮುಗಿದ ಮೇಲೆ ಸಿಗುವ ಕೆಲಸ. ಇಲ್ಲಿ ಓದು ಮುಗಿಯಬೇಕಾದರೆ ಮಾಡಲೇಬೇಕಾದ ಕೆಲಸ! ಸಂಜೆ ಅಮ್ಮ ಮಗಳು ಇಬ್ಬರೂ ಅರ್ಜಿ ಹಿಡಿದುಕೊಂಡು ಮನೆಗೆ ಬಂದರು.

"ನಿಂಗೆ ಈಗ ಡಿಗ್ರಿ ಎಂತಕ್ಕೆ?" ಎಂದರು ಚಿಕ್ಕಪ್ಪ.

"ಮಗಳಿಗೆ ಎಂತಕ್ಕೆ ಅಂತ ಕೇಳಿದ್ರಾ?" ಎಂದರು ಚಿಕ್ಕಮ್ಮ.

ಚಿಕ್ಕಪ್ಪ ಅರ್ಜಿ ತುಂಬಲು ಪೆನ್ನು ಹುಡುಕಿಕೊಟ್ಟರು. ಮಗಳು ಮಾತ್ರ ಮೊದಲೇ ಕರಾರು ಹಾಕಿದಳು. "ಮಮ್, ಪ್ಲೀಸ್, ಲಂಚ್ ಟೈಮಲ್ಲಿ ನನ್ನ ಹತ್ರ ಬರ್ಬೇಡ. ಪ್ರಾಮಿಸ್?"

ಕ್ಲಾಸಿನ ಕಥೆ ಕೇಳಿ. ಲೆಕ್ಚರರ್ ಒಳಗೆ ಬಂದ ಕೂಡಲೇ ಚಿಕ್ಕಮ್ಮ ಎದ್ದು ನಿಂತರು. ಗುರುಗಳು ಬಂದರೆ ಕೂತಿರಲು ಆಗುತ್ತದೆಯೇ? ಉಳಿದ ಹುಡುಗ ಹುಡುಗಿಯರು ಕಾಲು ಚಾಚಿ ಕೂತು ಚಿಪ್ಸ್ ತಿನ್ನುತ್ತಿದ್ದರು. ಈ ಹೆಂಗಸಿಗೆ ಏನೋ ಸಂಶಯ ಇರಬೇಕೆಂದು ಲೆಕ್ಚರರ್ "ಯೆಸ್?" ಎಂದರು. ಚಿಕ್ಕಮ್ಮ ಗಾಬರಿಯಿಂದ ಕೂತರು. ಮರುದಿನವೂ ಎದ್ದರು, ಮತ್ತೆ "ಯೆಸ್?" ಕೆಲವು ವಾರಗಳಲ್ಲಿ ಆ ಪುಣ್ಯಾತ್ಮ ಎಷ್ಟು ಹೆದರಿಬಿಟ್ಟರೆಂದರೆ, ಬಾಗಿಲಿನಿಂದಲೇ ಚಿಕ್ಕಮ್ಮನಿಗೆ ಬಗ್ಗಿ ನಮಸ್ಕಾರ ಮಾಡಿ, ಅವರು ಕೂತ ಮೇಲೆಯೇ ಪಾಠ ಶುರು ಮಾಡುತ್ತಿದ್ದರಂತೆ. ಯಾರು ಯಾರಿಗೆ ಗುರುವೋ, ಆ ಶ್ರೀಕೃಷ್ಣನಿಗೇ ಗೊತ್ತು!

ಇಂಥವರಿಗೆ ಕೊನೆಯ ವರ್ಷ ಪ್ಲೇಸ್‌ಮೆಂಟ್ ಬಂತು. ಮೆಲ್ಬರ್ನಿನಲ್ಲಿ ಕೇಳಿದ ಕಡೆಯೆಲ್ಲ ಜಾಗ ಭರ್ತಿಯಾಗಿತ್ತು. ಸಿಕ್ಕಿದ್ದು ಸಿಡ್ನಿಯ ಪಶ್ಚಿಮಕ್ಕಿರುವ, ಸಾಸು ಚಟ್ನಿಗಳ ಒಂದು ಫ್ಯಾಕ್ಟರಿಯಲ್ಲಿ. ಹಾಗಾಗಿಯೇ ಅದಕ್ಕೆ ಹತ್ತಿರದ ಟೂಂಗಾಬಿಯ ನಮ್ಮ ಪುಟ್ಟ ಮನೆಗೆ ಚಿಕ್ಕಮ್ಮನೂ ಅವರ ಥರ್ಮಾಮೀಟರೂ ಬಂದಿಳಿದದ್ದು.

ಮನೆಯನ್ನಷ್ಟೇ ತಿದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಪ್ಯಾರಮಟ್ಟಾದಲ್ಲಿ ನಮ್ಮ ಕನ್ನಡದವರ ಯುಗಾದಿ ಊಟ ಇತ್ತು, ಪ್ರತಿ ಮನೆಯಿಂದ ಒಂದೊಂದು ಅಡುಗೆ. ನಾನು ಯಾರೊಡನೆಯೋ ರೆಂಟ್ ಏರಿದ್ದರ ಬಗ್ಗೆ ಮಾತಾಡುತ್ತ ಮೈಮರೆತೆ. ತಿರುಗಿ ನೋಡುತ್ತೇನೆ, ಚಿಕ್ಕಮ್ಮ ಮೇಜಿನ ಉದ್ದಕ್ಕೂ ಒಂದೊಂದೇ ಪಾತ್ರೆಗೆ ಕಡ್ಡಿ ಚುಚ್ಚುತ್ತ ಸಾಗುತ್ತಿದ್ದಾರೆ!

"ಏನ್ರೀ ಇದು, ನನ್ನ ಪುಳಿಯೋಗರೆಗೆ ಇಂಜೆಕ್ಷನ್ ಕೊಡ್ತಾ ಇದೀರಾ?" ಎಂದು ಒಬ್ಬ ಆಂಟಿ ಸೊಂಟಕ್ಕೆ ಕೈಯಿಟ್ಟು ಕೇಳಿದರು.

"ಇಂಜೆಕ್ಷನ್ ಅಲ್ಲ, ಟೆಸ್ಟ್. ನಿಮ್ಮದು ಬಿಸಿ ಉಂಟು, ಪಾಸು. ಆ ಬಿಸಿಬೇಳೆಬಾತ್ ಯಾರದ್ದು? ಅದು ತಣಿದಿದೆ, ಪುನಃ ಬಿಸಿ ಆಗ್ಬೇಕು."

ಬಿಸಿಬೇಳೆಬಾತ್ ನನ್ನದೇ ಆಗಿತ್ತು. ಪಾಸಾದ ಆಂಟಿ ಮಾತ್ರ ಆಮೇಲೆ ಎಲ್ಲರಿಗೂ ಕರೆದು ಕರೆದು ಪುಳಿಯೋಗರೆ ಬಡಿಸಿದರು.

ಹೀಗೆ ಊರನ್ನೆಲ್ಲ ಪರೀಕ್ಷೆ ಮಾಡುತ್ತಿದ್ದ ಚಿಕ್ಕಮ್ಮ ತಮ್ಮ ಪರೀಕ್ಷೆಯಲ್ಲಿ ಎಡವಿದರು. ಅದೂ ಎಲ್ಲಿ? ರುಚಿ ನೋಡುವ ಕೆಲಸದಲ್ಲಿ! ಫ್ಯಾಕ್ಟರಿಯಲ್ಲಿ ದಿನವೂ ಬೆಳಗ್ಗೆ ನಾಲ್ಕಾರು ಜನ ಸಾಲಾಗಿ ಕೂತು, ಹಿಂದಿನ ದಿನ ತಯಾರಾದ ಸಾಸುಗಳ ರುಚಿ ನೋಡಬೇಕು. ಒಂದು ಚಮಚ ಬಾಯಿಗೆ ಹಾಕಿ, ನಾಲಿಗೆಯ ಮೇಲೆ ಆಡಿಸಿ, ಮಾರ್ಕು ಕೊಟ್ಟು, ಪಕ್ಕದ ಲೋಟಕ್ಕೆ ಉಗುಳಿ, ನೀರಿನಿಂದ ಬಾಯಿ ಮುಕ್ಕಳಿಸಿ ಮುಂದಿನ ಚಮಚ. ಇದರಲ್ಲಿ ಕಷ್ಟವೇನು ಎನ್ನುತ್ತೀರಾ?

ಚಿಕ್ಕಮ್ಮ ಬೆಳೆದ ಮನೆಯಲ್ಲಿ ಅಡುಗೆ ಮೊದಲು ದೇವರಿಗೆ. ಅದಕ್ಕೂ ಮುಂಚೆ ಯಾರಾದರೂ ರುಚಿ ನೋಡಿದರೆ ಅದು ಎಂಜಲು. ಉಪ್ಪು ಸರಿಯಿದೆಯೇ ಎಂದು ಕುದಿಯುವ ವಾಸನೆಯಲ್ಲೇ ತಿಳಿಯಬೇಕು, ತಿಳಿಯದಿದ್ದರೆ ದೇವರೇ ಸುಧಾರಿಸಿಕೊಳ್ಳಬೇಕು. ಬಡಿಸುವ ಮೊದಲು ರುಚಿ ನೋಡುವುದೇ ಇಷ್ಟು ದೊಡ್ಡ ತಪ್ಪಾದರೆ, ಬಾಯಿಗಿಟ್ಟ ಆಹಾರವನ್ನು ನಾಲ್ಕು ಜನರೆದುರು ಉಗುಳುವುದು? ಕೃಷ್ಣ ಕೃಷ್ಣ! ರುಚಿ ನೋಡುವುದಕ್ಕೆ ಚಿಕ್ಕಮ್ಮ ಹೇಗೋ ಮನಸ್ಸು ಗಟ್ಟಿ ಮಾಡಿಕೊಂಡರು. ಉಗುಳುವುದು ಮಾತ್ರ ಆಗಲಿಲ್ಲ. ಎಲ್ಲವನ್ನೂ ನುಂಗಿದರು.

"ಸ್ಪಿಟ್, ಲವ್, ಸ್ಪಿಟ್!" ಎನ್ನುತ್ತಿದ್ದಳಂತೆ, ಎಲ್ಲರನ್ನೂ ‘ಲವ್’ ಎಂದೇ ಕರೆಯುವ ಅವರ ಮೇಲ್ವಿಚಾರಕಿ ಶೆರಿಲ್.

"ನೋ, ನೋ. ವೆರಿ ನೈಸ್!" ಎನ್ನುತ್ತಿದ್ದರಂತೆ ಚಿಕ್ಕಮ್ಮ, ಕಣ್ಣಲ್ಲಿ ನೀರು ಸುರಿಸುತ್ತ.

ಮೆಣಸಿನ ಸಾಸುಗಳನ್ನು ಒಂದರ ಹಿಂದೆ ಒಂದು ನುಂಗಿದರೆ ನಾಲಿಗೆ ಏನಾದೀತು? ಕೊನೆಗೆ ಬಂದ ಸಿಹಿ ಮಾವಿನ ಚಟ್ನಿಗೂ ಚಿಕ್ಕಮ್ಮ "ವಿಪರೀತ ಖಾರ" ಎಂದು ಮಾರ್ಕು ಕಳೆದರು. ಸಂಜೆ ಮನೆಗೆ ಬಂದು ತಂಬಿಗೆಗಟ್ಟಲೆ ಮಜ್ಜಿಗೆ ಕುಡಿದು ಮಲಗುತ್ತಿದ್ದರು. ಶೆರಿಲ್ ಒಳ್ಳೆಯ ಹೆಂಗಸೇ. ಆದರೂ ಒಂದು ಶುಕ್ರವಾರ ಖಡಾಖಂಡಿತವಾಗಿ ಹೇಳಿದಳು: ಉಳಿದ ಕೆಲಸವೆಲ್ಲ ಚೆನ್ನಾಗಿದೆ, ಆದರೆ ರುಚಿಯ ಮಾರ್ಕು ಹೀಗಿದ್ದರೆ ಪಾಸು ಮಾಡಲಾರೆ, ಮುಂದಿನ ವಾರ ಸರಿಹೋಗಬೇಕು. ಪ್ಲೇಸ್‌ಮೆಂಟ್ ಪಾಸಾಗದಿದ್ದರೆ ಡಿಗ್ರಿ ಇಲ್ಲ. ಅಷ್ಟು ವರ್ಷದ ಓದು ನೀರಿನಲ್ಲಿ ಹೋಮ!

ಶನಿವಾರ ನಮ್ಮವರು ತರಬೇತಿಗೆ ಇಳಿದರು. ಕೈಯಲ್ಲಿ ಟೊಮೇಟೊ ಸಾಸಿನ ಬಾಟಲಿ, ಎದುರಿಗೆ ಬಕೆಟ್. "ನೋಡಿ ಚಿಕ್ಕಮ್ಮ, ತುಂಬಾ ಈಜಿ, ಹೀಗೆ" ಎಂದು ಉಗುಳಿ ತೋರಿಸಿದರು. ಚಿಕ್ಕಮ್ಮ ಬಾಯಿಗೆ ಹಾಕಿಕೊಂಡರು, ಬಕೆಟ್‌ನತ್ತ ಬಗ್ಗಿದರು, ಕಣ್ಣು ಮುಚ್ಚಿದರು. ನಮ್ಮವರು ಬಕೆಟ್ ಇನ್ನೂ ಹತ್ತಿರ ಸರಿಸಿದರು. ಗುಟುಕ್! ನುಂಗಿದ್ದರು. ಬಾಟಲಿ ಖಾಲಿಯಾಯಿತು. ಬಕೆಟ್‌ನಲ್ಲಿದ್ದುದೆಲ್ಲ ನಮ್ಮವರದೇ.

ನಾನು ನಗುತ್ತ ತಿರುಗಿದರೆ ಚಿಕ್ಕಮ್ಮ ನಗುತ್ತಿರಲಿಲ್ಲ. "ನಂಗೆ ಆಗುದಿಲ್ಲ ಮಗಾ. ನಾನು ವೆರಿಬೀಗೆ ವಾಪಸ್ ಹೋಗ್ತೇನೆ. ಪಿಯುಸಿ ಓದಿದವಳು ಪಿಯುಸಿಯೇ ಸೈ" ಎಂದರು. ಲೆಕ್ಚರರನ್ನೇ ಹೆದರಿಸಿದ ಹೆಂಗಸು ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಅಷ್ಟು ಸಣ್ಣಗಾಗಿ ಕೂತಿದ್ದರು.

ತಡೆಯಲಾರದೆ ಉಡುಪಿಗೆ, ಚಿಕ್ಕಮ್ಮನ ಅಮ್ಮ ಅಂದರೆ ನನ್ನ ಅಜ್ಜಿಗೆ, ಸ್ಪೀಕರ್ ಹಾಕಿ ಫೋನು ಹಚ್ಚಿಕೊಟ್ಟೆ. ಮಡಿಯ ವಿಷಯದಲ್ಲಿ ನಮ್ಮ ಮನೆತನದ ಸುಪ್ರೀಂ ಕೋರ್ಟು ಎಂದರೆ ಅಜ್ಜಿ. ಬೈಯುತ್ತಾರೇನೋ ಎಂಬ ಹೆದರಿಕೆ ನನಗೂ ಇತ್ತು. ಚಿಕ್ಕಮ್ಮ ತುಳುವಿನಲ್ಲಿ ಎಲ್ಲವನ್ನೂ ಹೇಳಿದರು. ಆಮೇಲೆ ಅಜ್ಜಿ ತುಳುವಿನಲ್ಲಿ ಹೇಳಿದ್ದನ್ನು ನನಗೆ ಬಂದಂತೆ ಕನ್ನಡದಲ್ಲಿ ಹೇಳುತ್ತೇನೆ:

"ನೀನು ಕೂಸಾಗಿರುವಾಗ ನಿಂಗೆ ರಾಗಿ ಮಣ್ಣಿ ಬೇಯ್ಸಿ ತಿನ್ನಿಸ್ತಿದ್ದೆ. ಬಿಸಿ ಹೆಚ್ಚುಂಟಾ ಅಂತ ಮೊದಲು ನನ್ನ ನಾಲಿಗೆಗೆ ಇಟ್ಟು ನೋಡುದು. ಸುಟ್ರೆ ಉಗುಳುದು. ಆಗ ನಂಗೆ ಎಂತ ಎಂಜಲು, ಎಂತ ಮಡಿ? ನೀನು ಅಲ್ಲಿ ನೋಡುದನ್ನು ನಾಳೆ ಯಾರೋ ಅವರ ಮಕ್ಕಳಿಗೆ ಬಡಿಸುದಲ್ವಾ? ಉಗುಳು ಮಗಾ. ದೇವರಿಗೆ ನಾನು ಹೇಳಿಕೊಳ್ತೇನೆ."

ಸೋಮವಾರ ಚಿಕ್ಕಮ್ಮ ಉಗುಳಿದರು. ಜಗತ್ತಿನಲ್ಲಿ ಉಗುಳಿದ್ದಕ್ಕೆ ಚಪ್ಪಾಳೆ ಗಿಟ್ಟಿಸಿದ ಮೊದಲ ಹೆಂಗಸು ಅವರೇ ಇರಬೇಕು. ಶೆರಿಲ್ ಎದ್ದು ಬಂದು ತಬ್ಬಿಕೊಂಡಳಂತೆ. ಆಮೇಲೆ ಯಾವ ಮಾವಿನ ಚಟ್ನಿಗೂ ಅನ್ಯಾಯವಾಗಲಿಲ್ಲ. ಪ್ಲೇಸ್‌ಮೆಂಟ್ ಪಾಸಾಯಿತು.

ಮೆಲ್ಬರ್ನಿನಲ್ಲಿ ಪದವಿ ಪ್ರದಾನಕ್ಕೆ ನಾವಿಬ್ಬರೂ ರಜೆ ಹಾಕಿ ಹೋದೆವು. ರೇಷ್ಮೆ ಸೀರೆಯ ಮೇಲೆ ಕಪ್ಪು ಗೌನು, ತುರುಬಿನ ಮೇಲೆ ನಿಲ್ಲದೆ ಜಾರುವ ಟೋಪಿ. ಹೆಸರು ಕರೆದಾಗ ಎಲ್ಲರಿಗಿಂತ ಜೋರಾಗಿ ಕೂಗಿದವಳು ಲಂಚ್ ಟೈಮಿನಲ್ಲಿ ಹತ್ತಿರ ಬರಬೇಡ ಎಂದಿದ್ದ ಮಗಳು. "ದಟ್ಸ್ ಮೈ ಮಮ್!" ಎಂದು ಕುರ್ಚಿಯ ಮೇಲೆ ಹತ್ತಿಯೇ ಬಿಟ್ಟಳು.

ಹೊರಗೆ ಬಂದು ಅಜ್ಜಿಗೆ ಫೋನು ಮಾಡಿ, "ಅಜ್ಜೀ, ಆಯ್ತು! ಚಿಕ್ಕಮ್ಮಂಗೆ ಡಿಗ್ರಿ ಸಿಕ್ತು" ಎಂದೆ. ಅಜ್ಜಿ ಫೋನನ್ನು ಕೈಯಲ್ಲೇ ಹಿಡಿದುಕೊಂಡು, ಅಲ್ಲಿಗೆ ಬಂದಿದ್ದ ಯಾರಿಗೋ ದೊಡ್ಡ ದನಿಯಲ್ಲಿ ಹೇಳತೊಡಗಿದರು. ನಾನು ಸದ್ದಿಲ್ಲದೆ ಫೋನನ್ನು ಚಿಕ್ಕಮ್ಮನ ಕಿವಿಗೆ ಇಟ್ಟು, ನನ್ನ ಕಿವಿಯನ್ನೂ ಅದಕ್ಕೆ ಹತ್ತಿರ ಮಾಡಿದೆ.

"ನನ್ನ ಸಣ್ಣ ಮಗಳು ಉಂಟಲ್ಲ, ಅವಳು ನಾಲಿಗೆಗೆ ಇಟ್ಟು ನೋಡಿ ಸರಿ ಉಂಟು ಅಂತ ಹೇಳುವವರೆಗೆ ಆ ಆಸ್ಟ್ರೇಲಿಯಾದಲ್ಲಿ ಒಂದು ಜನ ಊಟ ಮಾಡುದಿಲ್ಲ!"

ಯಾರ ತಪ್ಪನ್ನೂ ತಿದ್ದದೆ ಬಿಡದ ಚಿಕ್ಕಮ್ಮ ಇದೊಂದನ್ನು ತಿದ್ದಲಿಲ್ಲ. ಎರಡೂ ಕೈಯಲ್ಲಿ ಫೋನನ್ನು ಹಿಡಿದುಕೊಂಡು, ಅಷ್ಟು ಜನರ ನಡುವೆ, ಕೂಸಿನ ಹಾಗೆ ಅಳುತ್ತಿದ್ದರು.