ಹಿಂದೆ ನೋಡಿ, ಒಂದು ಗಂಟೂ ಇಲ್ಲ

ಮನೆಗೆ ಯಾರೇ ಬರಲಿ, ಕಾಫಿ ಲೋಟ ಅವರ ಕೈ ಸೇರುವ ಹೊತ್ತಿಗೆ ನಮ್ಮಮ್ಮ ನಾನು ಹೆಣೆದ ಏನನ್ನಾದರೂ ಒಳಗಿನಿಂದ ತಂದು, ಮುಂಭಾಗ ತೋರಿಸದೆ ಸೀದಾ ತಿರುಗಿಸಿ ಹಿಂಭಾಗ ತೋರಿಸುತ್ತಾಳೆ. “ಮುಂದೆ ಯಾರು ಬೇಕಾದ್ರೂ ಚೆನ್ನಾಗಿ ಹಾಕ್ತಾರೆ. ಹಿಂದೆ ನೋಡಿ, ಒಂದು ಗಂಟೂ ಇಲ್ಲ.” ಬಂದವರು ಕನ್ನಡಕ ಸರಿಮಾಡಿಕೊಂಡು ಗಂಟು ಹುಡುಕುತ್ತಾರೆ. ಸಿಗುವುದಿಲ್ಲ. ಸಿಗದ ಮೇಲೆ ಅದನ್ನು ವಾಪಸು ಕೊಡುವುದು ಹೇಗೆಂದು ಅವರಿಗೂ ತಿಳಿಯುವುದಿಲ್ಲ, ಇಸಿದುಕೊಳ್ಳುವುದು ಹೇಗೆಂದು ಅಮ್ಮನಿಗೂ ತಿಳಿಯುವುದಿಲ್ಲ. “ಇಟ್ಕೊಳ್ಳಿ, ಅವಳು ಇನ್ನೊಂದು ಹಾಕ್ಕೋತಾಳೆ” ಎಂದುಬಿಡುತ್ತಾಳೆ. ಹೊರಡುವಾಗ ಅವರು ಬಾಗಿಲಲ್ಲಿ ನನ್ನ ಕಡೆ ತಿರುಗಿ “ನಮ್ಮ ತಂಗಿಗೂ ಒಂದು…” ಎನ್ನುತ್ತಾರೆ. ನಾನು “ಆಯ್ತು” ಎನ್ನುತ್ತೇನೆ.

ನನ್ನ ತೊಂದರೆ ಈ “ಆಯ್ತು”ವಿನದು. ನಾನು ಓದಿದ ಕಾನ್ವೆಂಟಿನಲ್ಲಿ “ಯೆಸ್ ಮಿಸ್” ಕಲಿಸಿದರು. “ನೋ ಮಿಸ್” ಸಿಲೆಬಸ್ಸಿನಲ್ಲಿ ಇರಲಿಲ್ಲ. ಚಳಿಗಾಲ ಹತ್ತಿರವಾಯಿತೆಂದರೆ ನನಗೆ ಉಬ್ಬಸ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ಬಾಟಲಿಯಲ್ಲಿ ಗಟ್ಟಿಯಾದ ಕೊಬ್ಬರಿ ಎಣ್ಣೆಯನ್ನು ಬಿಸಿಲಿಗಿಟ್ಟು ಕಾಯುತ್ತಾ ಕೂರುತ್ತೇನೆ. ನಮ್ಮ ಬೀದಿಯಲ್ಲಿ ಅರ್ಧ ಜನ ನಾನು ಹೆಣೆದ ಸ್ವೆಟರಿನಲ್ಲಿ ಓಡಾಡುತ್ತಾರೆ. ನಾನು ಮಾತ್ರ ಅಮ್ಮನ ಹಳೆ ಸೀರೆಯ ಎರಡು ಮಡಿಕೆ ಹೊದ್ದು ಕೆಮ್ಮುತ್ತಿರುತ್ತೇನೆ. ನನಗೇ ಅಂತ ಒಂದು ಸ್ವೆಟರ್ ಹೆಣೆದುಕೊಳ್ಳಬೇಕು, ಅಷ್ಟೇ ನನ್ನ ಆಸೆ. ಅದಕ್ಕೆ ಎರಡು ಚಳಿಗಾಲ ಸಾಲಲಿಲ್ಲ. ಏಕೆಂದರೆ ಏನಾದರೂ ಒಂದು ಆಗುತ್ತಲೇ ಇರುತ್ತದೆ.

೧. ಚೀಟಿಯ ಹಿಂದೆ

ಹೋದ ವರ್ಷದ ಹಿಂದಿನ ವರ್ಷ, ದಸರಾ ಕಳೆದ ಮೇಲೆ, ಉಬ್ಬಸಕ್ಕೆಂದು ಲೇಡಿ ಡಾಕ್ಟರ ಹತ್ತಿರ ಹೋದೆ. ಬೆನ್ನ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, “ತುಂಬಾ ಸುಸ್ತಾಗಿದೀರ. ಎದೆ ಬೆಚ್ಚಗಿಟ್ಕೊಳ್ಳಿ. ಮನಸ್ಸಿಗೆ ಹಿತವಾಗೋ ಹವ್ಯಾಸ ಏನಾದ್ರೂ ಇದೆಯಾ?” ಎಂದರು.

“ಉಲ್ಲನ್ ಹಾಕ್ತೀನಿ ಮೇಡಂ.”

ಬರೆಯುತ್ತಿದ್ದ ಪೆನ್ನು ನಿಂತಿತು. “ಓ, ವೆರಿ ಗುಡ್. ಆದ್ರೆ ಕತ್ತು ಬಗ್ಗಿಸಿ ಕೂರಬೇಡಿ. ಬೆರಳಿಗೆ ವಿಶ್ರಾಂತಿ ಕೊಡಿ. ದಿನಕ್ಕೆ ಅರ್ಧ ಗಂಟೆ ಮೀರಬಾರದು.” ಆಮೇಲೆ ಚೀಟಿ ತಿರುಗಿಸಿ ಹಿಂದೆಯೂ ಏನೋ ಬರೆದರು. “ನನ್ನ ಮಗನ ಅಳತೆ. ನೇವಿ ಬ್ಲೂ ಇರಲಿ. ಡಿಸೆಂಬರ್ ಒಳಗೆ ಕೊಟ್ರೆ ಸಾಕು, ನಿಧಾನಕ್ಕೆ ಮಾಡಿ.”

“ಆಯ್ತು ಮೇಡಂ.”

ಮೆಡಿಕಲ್ ಸ್ಟೋರಿನವರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ಬಹಳ ಹೊತ್ತು ನೋಡಿದರು. ಮಾತ್ರೆಗಳನ್ನೆಲ್ಲ ಕವರಿಗೆ ಹಾಕಿ, ತಲೆ ಕೆರೆದುಕೊಂಡು ಹೇಳಿದರು: “ಮುಂದೆ ಬರೆದಿರೋದೆಲ್ಲ ಕೊಟ್ಟಿದೀನಿ ಮೇಡಂ. ಹಿಂದೆ ಇರೋ ‘ಎದೆ ಇಪ್ಪತ್ನಾಲ್ಕು, ಕೈ ಹದಿಮೂರು’ ನಮ್ಮಲ್ಲಿ ಸ್ಟಾಕ್ ಇಲ್ಲ. ರಾಮನಗರದಲ್ಲಿ ಕೇಳಿ.”

೨. ಟೋಪಿ

ನಾನು ಬಿಡದಿಯ ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದೇನೆ. ಆಗ ಚನ್ನಪಟ್ಟಣದ ಮನೆಯಿಂದ ಬೆಳಿಗ್ಗೆ ಪ್ಯಾಸೆಂಜರ್ ರೈಲು. ಲೇಡೀಸ್ ಬೋಗಿಯಲ್ಲಿ ದಿನವೂ ನಿಂತೇ ಪ್ರಯಾಣ. ಒಂದು ದಿನ ಸಹೋದ್ಯೋಗಿಯ ಹುಟ್ಟಲಿರುವ ಮಗುವಿಗೆಂದು ನಿಂತುಕೊಂಡೇ ಹಳದಿ ಟೋಪಿ ಹೆಣೆಯುತ್ತಿದ್ದೆ. ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬರು ಆ ನಿಂಬೆಹಣ್ಣಿನಷ್ಟು ಟೋಪಿ ನೋಡಿದರು, ನನ್ನ ಸೋತ ಮುಖ ನೋಡಿದರು, ಕೂಗಿದರು: “ಏಳ್ರವ್ವ ಒಸಿ! ಬಸುರಿ ಹೆಂಗ್ಸು ನಿಂತವ್ಳೆ, ಕಣ್ಣು ಕಾಣಕಿಲ್ವಾ ನಿಮ್ಗೆ?”

ನಾಲ್ಕು ಜನ ಒಟ್ಟಿಗೆ ಎದ್ದರು. ನನಗಿನ್ನೂ ಮದುವೆಯೇ ಆಗಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಭುಜ ಹಿಡಿದು ಕಿಟಕಿ ಪಕ್ಕ ಕೂರಿಸಿದರು. ಕೂತ ಮೇಲೆ ಕಾಲಿಗೆ ಎಷ್ಟು ಹಾಯೆನಿಸಿತೆಂದರೆ, ನಾಳೆ ಹೇಳಿದರಾಯಿತು ಎಂದುಕೊಂಡೆ.

ನಾಳೆಯೂ ಸೀಟು ಸಿಕ್ಕಿತು. ಟೋಪಿ ಒಂದು ವಾರಕ್ಕೆ ಮುಗಿಯಿತು. ಕೈಯಲ್ಲಿ ಪುಟ್ಟದೇನೂ ಇಲ್ಲದಿದ್ದರೆ ಸೀಟು ಹೋದೀತೆಂಬ ಭಯಕ್ಕೆ ಪುಟ್ಟ ಕಾಲುಚೀಲ ಶುರು ಮಾಡಿದೆ. ಅಜ್ಜಿ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನ ಬೆಣ್ಣೆ ತಂದು ಬಾಯಿಗಿಟ್ಟರು. “ತೊಟ್ಲು ಕಟ್ತೀನಿ ಅಂತ ಹರಸ್ಕೊಂಡಿವ್ನಿ ನಿನ್ ಪರವಾಗಿ” ಎಂದರು. ಬೆಣ್ಣೆ ನುಂಗಿ, ಕಾಲುಚೀಲಕ್ಕೆ ಇನ್ನೊಂದು ಸಾಲು ಹಾಕಿದೆ.

ಅಜ್ಜಿ ಬೆರಳು ಮಡಿಸಿ ತಿಂಗಳು ಲೆಕ್ಕ ಇಟ್ಟಿದ್ದು ನನಗೆ ಗೊತ್ತಿರಲಿಲ್ಲ. ತಿಂಗಳುಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಎಲ್ಲರ ಮುಂದೆ, “ಹತ್ತು ತುಂಬ್ತು ಕಣವ್ವ. ಹೊಟ್ಟೆ ಎಲ್ಲಿ? ಡಾಕ್ಟ್ರು ಏನಂದ್ರು?” ಎಂದರು. ಇಡೀ ಬೋಗಿ ಗಾಬರಿಯಿಂದ ನನ್ನ ಹೊಟ್ಟೆ ನೋಡಿತು.

ಮರುದಿನದಿಂದ ನಾನು ಬಸ್ಸಿಗೆ ಹೋಗುತ್ತೇನೆ. ಕೆಲವು ದಿನಗಳ ಮೇಲೆ ಪೇಟೆಯಲ್ಲಿ ಅಜ್ಜಿಯ ಬುಟ್ಟಿಯ ಮುಂದೆಯೇ ಸಿಕ್ಕಿಬಿದ್ದೆ. “ಎಲ್ಲಿ ಹೋಗ್ಬುಟ್ಟಿದ್ದೆ? ಹೆರಿಗೆ ಸಲೀಸಾಯ್ತಾ?” ಎಂದರು. ನನ್ನ ಬಾಯಿಗೆ ಬರುವುದೇ ಒಂದು ಮಾತು. ಅದೇ ಬಂತು. “ಆಯ್ತು ಅಜ್ಜಿ.” ಸಂತೋಷಕ್ಕೆ ಅಜ್ಜಿ ಅರ್ಧ ಮೊಳ ಮಲ್ಲಿಗೆ ಹೆಚ್ಚು ಹಾಕಿ, “ಇದು ಕೂಸಿಗೆ” ಎಂದರು.

೩. ಗೋಣಿಚೀಲಕ್ಕಿಂತ ವಾಸಿ

ಹೋದ ವರ್ಷ ಸ್ವೆಟರ್ ಬೇಡ, ಒಂದು ಶಾಲು ಸಾಕು ಎಂದು ಮರೂನ್ ಬಣ್ಣದ ದಪ್ಪ ಶಾಲು ಹೆಣೆದುಕೊಂಡೆ. ಎರಡು ತಿಂಗಳ ಕೆಲಸ. ಮುಗಿದ ದಿನವೇ ಕನಕಪುರದ ಕಡೆಯ ಹಳ್ಳಿಯಿಂದ ನಮ್ಮ ಸೋದರತ್ತೆ ಬಂದರು. ಕಾಫಿ ಬಂತು. ಅಮ್ಮ ಶಾಲು ತಂದಳು, ತಿರುಗಿಸಿದಳು. ಅತ್ತೆ ಗಂಟು ಹುಡುಕಿದರು. ಉಳಿದದ್ದನ್ನು ಹೇಳಬೇಕಾಗಿಲ್ಲ.

ತಿಂಗಳಾದ ಮೇಲೆ ಅತ್ತೆಯ ಊರಿಗೆ ಹೋದೆವು. ಸಂಜೆಯಾಗುತ್ತಲೇ ಎದೆ ಕುಯ್ ಎನ್ನಲು ಶುರುವಾಯಿತು. ಧೈರ್ಯ ಮಾಡಿ ಕೇಳಿದೆ: “ಅತ್ತೆ, ಆ ಶಾಲು ಎಲ್ಲಿದೆ?”

“ಐತಲ್ಲ, ಬಾ ತೋರಿಸ್ತೀನಿ” ಎಂದು ಹೆಮ್ಮೆಯಿಂದ ಹಿತ್ತಿಲಿಗೆ ಕರೆದುಕೊಂಡು ಹೋದರು. ಅಲ್ಲಿ ರೇಷ್ಮೆ ಹುಳ ಸಾಕುವ ಮನೆ. ಕಿಟಕಿಗೆ ನಾಲ್ಕು ಮೊಳೆ ಹೊಡೆದು ನನ್ನ ಶಾಲು ಬಿಗಿದಿದ್ದರು.

“ಹುಳಕ್ಕೆ ಚಳಿ ಹೊಡುದ್ರೆ ಸೊಪ್ಪು ಮುಟ್ಟಕಿಲ್ಲ ಕಣವ್ವ. ನೀನು ಹಾಕಿದ್ದು ಅಂದ್ರೆ ಹಾಕಿದ್ದು ಬುಡು, ಒಸಿನೂ ಗಾಳಿ ನುಗ್ಗಕಿಲ್ಲ. ಗೋಣಿಚೀಲಕ್ಕಿಂತ ವಾಸಿ!”

ನನ್ನ ಹೆಣಿಗೆಗೆ ಅಷ್ಟು ಮನಸಾರೆ ಹೊಗಳಿಕೆ ಅದಕ್ಕೆ ಮುಂಚೆ ಯಾರಿಂದಲೂ ಸಿಕ್ಕಿರಲಿಲ್ಲ. “ನನಗೂ ಸ್ವಲ್ಪ ಚಳಿ ಅತ್ತೆ…” ಎಂದೆ, ಗೋಡೆಗೆ ಹೇಳಿದ ಹಾಗೆ.

ಅತ್ತೆಯ ಮುಖ ಮೃದುವಾಯಿತು. “ಅಯ್ಯೋ ನನ್ ಕಂದ. ಅಂಗಾರೆ ಒಳೀಕೆ ಬಂದು ಹುಳದ್ ತಾವೇ ಕುಂತ್ಕೊ, ಬೆಚ್ಚಗಿರ್ತದೆ.” ನಾನು ಒಂದು ಹೆಜ್ಜೆ ಒಳಗಿಟ್ಟೆ. ಅತ್ತೆ ತೋಳು ಹಿಡಿದು ನಿಲ್ಲಿಸಿದರು. “ಕೈಕಾಲು ತೊಳ್ಕೊಂಡು ಬಾ. ಮೂತಿಗೂ ಬಟ್ಟೆ ಕಟ್ಕೊ. ನಿನ್ ಕೆಮ್ಮು ಹುಳಕ್ಕೆ ಅಂಟ್ಕೊಂಡ್ಬುಟ್ರೆ?”

೪. ಮೊನೆ

ಈ ವರ್ಷ ಹಟ ಹಿಡಿದೆ. ಬೆಳಗಿನ ಥಂಡಿಯಲ್ಲಿ ಹೆಣೆಯುವ ಸ್ಟೀಲಿನ ಕಡ್ಡಿ ಹಿಡಿದರೆ ಬೆರಳ ಗೆಣ್ಣು ಸೆಟೆದುಕೊಳ್ಳುತ್ತದೆ. ಮರದ ಕಡ್ಡಿಯಾದರೆ ಕೈಗೆ ಹಿತ. ನಮ್ಮ ಹಿಂದಿನ ಬೀದಿಯಲ್ಲೇ ಮರದ ಗೊಂಬೆ ಕಡೆಯುವ ತಾತ ಇದ್ದಾರೆ. ಅಳತೆಗೆಂದು ನನ್ನ ಸ್ಟೀಲಿನ ಕಡ್ಡಿ ಎರಡನ್ನೂ ಕೊಟ್ಟು, “ಇಂಥದ್ದೇ ಒಂದು ಜೊತೆ ಮರದಲ್ಲಿ ಮಾಡಿಕೊಡಿ” ಎಂದೆ. ಇನ್ನೂ ಏನೇನೋ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಹೋಗಿದ್ದೆ. ಕಡೆಯುವ ಯಂತ್ರದ ಸದ್ದಿಗೆ ಎಲ್ಲ ಮರೆತುಹೋಯಿತು.

ವಾರ ಬಿಟ್ಟು ಹೋದೆ. ತಾತ ಹಳೆ ಪಂಚೆಯ ಚೂರಿನಲ್ಲಿ ಸುತ್ತಿಟ್ಟಿದ್ದ ಕಡ್ಡಿ ಬಿಚ್ಚಿದರು. ಕೆಂಪು ಹಳದಿ ಹಸಿರು ಅರಗಿನ ಪಟ್ಟೆ, ಮುಖ ಕಾಣುವಷ್ಟು ಹೊಳಪು. ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು. ಎರಡೂ ತುದಿಯಲ್ಲಿ ಕಡಲೆಕಾಳಿನಷ್ಟು ದುಂಡನೆಯ ಗುಂಡು.

“ತಾತ… ಮೊನೆ?”

“ಮೊನೆ ಇಡಲಿಲ್ಲಮ್ಮ. ನಲವತ್ತು ವರ್ಷದ ಕಸುಬು, ನನ್ನ ಕೈಯಿಂದ ಇವತ್ತಿನವರೆಗೆ ಒಂದು ಮೊನೆ ಆಚೆ ಹೋಗಿಲ್ಲ. ಮಕ್ಕಳ ಕಣ್ಣಿಗೆ ಚುಚ್ಚಿದರೆ ಯಾರು ಹೊಣೆ?”

“ಇದು ಆಟದ ಸಾಮಾನಲ್ಲ ತಾತ.”

“ಎಲ್ಲರೂ ಹಾಗೇ ಅಂತಾರೆ. ಮನೆ ಸೇರಿದ ಮೇಲೆ ಯಾವುದು ಮಗು ಕೈಗೆ ಸಿಗಲ್ಲ ಹೇಳು?”

ಪರವಾಗಿಲ್ಲ, ಸ್ಟೀಲಿನ ಕಡ್ಡಿಯಂತೂ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಕೈ ಚಾಚಿದೆ. ತಾತ ಅದನ್ನೂ ಒರೆಸಿ ಕೊಟ್ಟರು. “ನಿನ್ನದಕ್ಕೂ ಮೊನೆ ಇತ್ತಮ್ಮ, ಅಪಾಯ. ಉಜ್ಜಿ ಉಜ್ಜಿ ಗುಂಡಗೆ ಮಾಡಿದೀನಿ. ಅದಕ್ಕೇನೂ ಕೊಡಬೇಡ.”

೫. ಗಂಟು

ರಾಮನಗರದ ಅಂಗಡಿಯಿಂದ ಮೊನೆ ಇರುವ ಹೊಸ ಕಡ್ಡಿ ತಂದೆ. ಬಸ್ಸಿನಲ್ಲಿ ನಿಂತು ಬರುವಾಗ ಒಂದು ಉಪಾಯ ಹೊಳೆಯಿತು. ಚೆನ್ನಾಗಿದ್ದರೆ ತಾನೇ ಅಮ್ಮ ತೋರಿಸುವುದು? ಹಿಂಭಾಗದಲ್ಲಿ ಗಂಟೇ ಗಂಟಿದ್ದರೆ?

ಉಳಿದ ಚೂರುಪಾರು ಉಲ್ಲನ್ ಎಲ್ಲ ಹೊರಗೆ ತೆಗೆದೆ. ಡಾಕ್ಟರ ಮಗನ ನೇವಿ ಬ್ಲೂ, ಟೋಪಿಯ ಹಳದಿ, ಶಾಲಿನ ಮರೂನ್. ಎಲ್ಲಿ ಮುಗಿಯಿತೋ ಅಲ್ಲಿ ಇನ್ನೊಂದು ಬಣ್ಣ ಕಟ್ಟಿದೆ, ಗಂಟನ್ನು ಹಾಗೇ ಜೋಲಲು ಬಿಟ್ಟೆ. ಮುಂದು, ಹಿಂದು, ಎರಡು ತೋಳು, ಎಲ್ಲ ಒಂದೇ ತುಂಡಾಗಿ ಹೆಣೆದೆ. ಹಾಸಿದರೆ ನಾಲ್ಕು ಕಡೆಗೆ ಚಾಚಿಕೊಂಡು, ನಡುವೆ ಕತ್ತಿಗೆ ಒಂದು ತೂತು. ಮಡಿಸಿ ಎರಡು ಪಕ್ಕ ಹೊಲಿದರೆ ಸ್ವೆಟರ್. ಅಷ್ಟು ವಿಕಾರವಾದದ್ದನ್ನು ನಾನು ಜನ್ಮದಲ್ಲಿ ಹೆಣೆದಿರಲಿಲ್ಲ. ಹಾಗೆ ಹೆಣೆಯುವಾಗ ಸಿಕ್ಕಿದ ಆರಾಮವೂ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ.

ಮೊದಲ ಪರೀಕ್ಷೆ ಪಾಸಾಯಿತು. ನೆಂಟರು ಬಂದರು, ಅಮ್ಮ ಅಭ್ಯಾಸಬಲದಿಂದ ಅದನ್ನು ಎತ್ತಿದಳು, ತಿರುಗಿಸಿದಳು, ಬೆಚ್ಚಿಬಿದ್ದು ಪೇಪರಿನ ಕೆಳಗೆ ತಳ್ಳಿದಳು. “ಅವಳಿಗೆ ಈಚೆಗೆ ಮೈ ಸರಿಯಿಲ್ಲ” ಎಂದು ನೆಂಟರಿಗೆ ಹೇಳಿದ್ದು ಅಡುಗೆಮನೆಗೆ ಕೇಳಿಸಿತು. ಬದುಕಿದೆ ಎಂದುಕೊಂಡೆ. ಇನ್ನು ಪಕ್ಕ ಹೊಲಿಯುವುದೊಂದೇ ಬಾಕಿ. ಭಾನುವಾರ ಕೂತು ಹೊಲಿಯಬೇಕು.

ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ, ಎದೆ ಕುಯ್‌ಗುಡುತ್ತಾ ಮನೆ ಮೆಟ್ಟಿಲು ಹತ್ತಿದೆ. ಹೊಸ್ತಿಲ ಮುಂದೆ ನನ್ನ ಸ್ವೆಟರ್ ನಾಲ್ಕು ಕಡೆಗೆ ಚಾಚಿಕೊಂಡು ಮಲಗಿತ್ತು. ಬಲ ತೋಳಿನ ಮೇಲೆ ಪಕ್ಕದ ಮನೆ ಆಂಟಿ ನಿಂತು ಹಾಯಾಗಿ ಕಾಲು ಒರೆಸುತ್ತಿದ್ದರು.

“ಬಾರೇ, ಬಾ” ಎಂದರು ಆಂಟಿ. “ಎಂಥಾ ಕಾಲೊರಸು ಹಾಕಿದೀಯೇ! ಎಲ್ಲಾ ಕಡೆಗೂ ಉದ್ದ ಬಿಟ್ಟಿದೀಯಲ್ಲ, ನಾಲ್ಕು ಜನ ಒಂದೇ ಸಲ ಕಾಲು ಒರೆಸ್ಕೋಬಹುದು. ನಡುವೆ ತೂತು ಯಾಕೆ ಅಂತ ನಿಮ್ಮಮ್ಮಂಗೂ ಗೊತ್ತಾಗಲಿಲ್ಲ. ನಾನೇ ಹೇಳ್ದೆ, ಮಣ್ಣು ಕೆಳಗೆ ಉದುರೋಕೆ ಅಂತ. ಓದಿದ ಮಕ್ಕಳ ತಲೆಯೇ ಬೇರೆ.”

ಅಮ್ಮ ಒಳಗಿನಿಂದ ಬಂದು ನನ್ನ ಕಿವಿಯಲ್ಲಿ, “ಹೆದರಬೇಡ, ಗಂಟು ಇರೋ ಕಡೆ ಕೆಳಗೆ ಮಾಡಿ ಹಾಕಿದೀನಿ. ಯಾರಿಗೂ ಕಾಣಲ್ಲ” ಎಂದಳು.

ಅಳು ಬರಲಿಲ್ಲ, ನಗುವೂ ಬರಲಿಲ್ಲ. ಅಷ್ಟು ದಣಿದಿದ್ದೆ. “ಆಂಟಿ, ಒಸಿ ಕಾಲು ಎತ್ತಿ” ಎಂದೆ. ಅವರು ಎತ್ತಿದರು. ನಾನು ಅದನ್ನು ತೆಗೆದು, ಗೋಡೆಗೆ ಎರಡು ಸಲ ಬಡಿದು, ಮಣ್ಣು ಉದುರುವ ತೂತಿನೊಳಗೆ ತಲೆ ತೂರಿಸಿದೆ.

“ಅಯ್ಯೋ, ಗಂಟು ಹೊರಗಾಯ್ತು ಕಣೇ!” ಎಂದಳು ಅಮ್ಮ.

ಬೆಚ್ಚಗಿತ್ತು. ಬಲ ತೋಳು ಇನ್ನೂ ಬೆಚ್ಚಗಿತ್ತು, ಅದರಲ್ಲಿ ಆಂಟಿಯ ಕಾಲಿನ ಬಿಸಿ ಇತ್ತು. ನಾನು ಕಿಟಕಿಯ ಬಿಸಿಲಿಗೆ ಹೋಗಿ ಕೂತು ಸೂಜಿ ಡಬ್ಬಿ ತೆರೆದೆ.

ಆಂಟಿ ಬಾಯಿ ಬಿಟ್ಟುಕೊಂಡು ನೋಡಿ, ಹಿಂದೆಯೇ ಒಳಗೆ ಬಂದರು. “ಓಹೋ, ಹಾಕ್ಕೊಳ್ಳೋದಕ್ಕೂ ಆಗುತ್ತಾ! ಹಾಗಾದ್ರೆ ನಮಗೆ ಎರಡು ಹಾಕಿಕೊಡೆ. ಬಾಗಿಲಿಗೊಂದು, ನಮ್ಮ ಯಜಮಾನರಿಗೊಂದು. ಆಗುತ್ತಲ್ವಾ?”

ಅಮ್ಮ ನನ್ನ ಬಾಯಿಯನ್ನೇ ನೋಡಿದಳು. ಆಂಟಿಯೂ ನೋಡಿದರು. ಆ ಒಂದು ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತ್ತು.

“ಏನೇ, ಆಗುತ್ತೆ ತಾನೆ?” ಎಂದರು ಆಂಟಿ ಮತ್ತೊಮ್ಮೆ.

ನಾನು ಮರೂನ್ ಎಳೆಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡು, ಸೂಜಿಗೆ ಪೋಣಿಸತೊಡಗಿದೆ.